'ಮೈಸೂರು' ಎಂದು ಬರೆದರೆ ಒಲ್ಲೆ ಎನ್ನುವ ಆಟ!



ಕಂಪ್ಯೂಟರ್ ಆಟದ ಬಗ್ಗೆಯೂ ಸಂಪಾದಕೀಯವೇ ಎಂದು ಹುಬ್ಬೇರಿಸುವ ಹಿರಿಯರಿಗೆ ಮೊದಲೇ ಹೇಳಿಬಿಡುತ್ತೇವೆ. ಅಂಗಡಿಯ ಬೋರ್ಡು, ಬ್ಯಾಂಕಿನ ಚಲನ್, ರೈಲ್ವೆ ನೇಮಕಾತಿ ಪರೀಕ್ಷೆ ಇವುಗಳ ಬಗ್ಗೆ ಬರೆಯುವುದನ್ನು ಈ ಪುಟ ನಿಲ್ಲಿಸುವುದಿಲ್ಲ. ಆದರೆ ಸರಸ್ವತಿಪುರಂ, ಕುವೆಂಪುನಗರ, ಗೋಕುಲಂ ಬಡಾವಣೆಗಳ ಹುಡುಗ ಹುಡುಗಿಯರು ತಮ್ಮ ಬಿಡುವಿನ ಹೊತ್ತನ್ನೆಲ್ಲ ಎಲ್ಲಿ ಕಳೆಯುತ್ತಿದ್ದಾರೋ ಅಲ್ಲಿ ಕನ್ನಡಕ್ಕೆ ಕಾಲಿಡಲು ಜಾಗವಿಲ್ಲ ಎಂದಾದರೆ, ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಕನ್ನಡ ಬರೆಸಿ ಏನು ಸುಖ? ಬೋರ್ಡು ಅಂಗಡಿಯವನದು. ಆಟ ನಿಮ್ಮದು.

ಈಗ ವಿಷಯಕ್ಕೆ ಬನ್ನಿ. ಫ್ರೀಸಿವ್ ಎಂಬ ಆಟವನ್ನು ನಿಮ್ಮಲ್ಲಿ ಹಲವರು ಆಡಿದ್ದೀರಿ. 1995ರಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಶುರುಮಾಡಿದ ಆಟ ಇದು. 'ಸಿವಿಲೈಸೇಶನ್' ಎಂಬ ದುಡ್ಡಿನ ಆಟದ ಮಾದರಿಯಲ್ಲಿ, ಆದರೆ ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳುವಂತೆ, ಒಳಗಿನ ಬರಹವನ್ನು ಬಿಚ್ಚಿ ತಿದ್ದುವಂತೆ ಮಾಡಿದ್ದು. ಓಡುವ, ಗುಂಡು ಹಾರಿಸುವ ಆಟವಲ್ಲ. ಸರದಿಯ ಮೇಲೆ ನಡೆಯುವ ಆಟ. ಊರು ಕಟ್ಟಬೇಕು, ಹೊಲ ಮಾಡಬೇಕು, ವಿದ್ಯೆ ಕಲಿಯಬೇಕು, ದಂಡು ಕಟ್ಟಬೇಕು. ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ನಾಲ್ವರು ಗೆಳೆಯರು ಸೇರಿ ಆಡಲು ಕೂತಿರಿ ಎನ್ನಿ. ಒಬ್ಬನ ಕಂಪ್ಯೂಟರಿನಲ್ಲಿ ಆಟದ ಸರ್ವರ್ ಓಡುತ್ತಿದೆ. ಮಿಕ್ಕ ಮೂವರು ತಮ್ಮ ತಮ್ಮ ಕಂಪ್ಯೂಟರಿನಿಂದ ಅದಕ್ಕೆ ಸೇರಿಕೊಂಡಿದ್ದಾರೆ. ಸರ್ವರ್ ಇಟ್ಟವನು ಮೊದಲ ಊರು ಕಟ್ಟಿ 'ಮೈಸೂರು' ಎಂದು ಕನ್ನಡದಲ್ಲೇ ಹೆಸರಿಡುತ್ತಾನೆ. ಆಟ ಒಪ್ಪುತ್ತದೆ. ಎರಡನೆಯವನು ಹೊಳೆ ದಂಡೆಯಲ್ಲಿ ಊರು ಕಟ್ಟಿ 'ಶ್ರೀರಂಗಪಟ್ಟಣ' ಎಂದು ಬರೆಯುತ್ತಾನೆ. ಆಟ ಒಲ್ಲೆ ಎನ್ನುತ್ತದೆ! ಇಂಗ್ಲಿಷಿನಲ್ಲಿ ಬರುವ ಉತ್ತರದ ತಾತ್ಪರ್ಯ ಇಷ್ಟು: ಈ ಹೆಸರು ಸಲ್ಲದು, ಊರುಗಳಿಗೆ ಆಸ್ಕಿ ಅಕ್ಷರದ ಹೆಸರು ಅಥವಾ ನಿಯಮಾವಳಿಯ ಕಡತದಲ್ಲಿರುವ ಹೆಸರು ಮಾತ್ರ ನಡೆಯುತ್ತದೆ.

ಆಸ್ಕಿ ಯಾರದು? 1963ರಲ್ಲಿ ಅಮೆರಿಕದವರು ತಮ್ಮ ಟೆಲಿಪ್ರಿಂಟರುಗಳಿಗಾಗಿ ಮಾಡಿಕೊಂಡ ಪಟ್ಟಿ ಅದು. ಒಟ್ಟು 128 ಸಂಕೇತ. ಅದರಲ್ಲಿ ಕನ್ನಡದ ಒಂದು ಸೊನ್ನೆಯೂ ಇಲ್ಲ. 1991ರಲ್ಲಿ ಯೂನಿಕೋಡ್ ಪಟ್ಟಿ ಮೊದಲ ಸಲ ಹೊರಬಂದಾಗಲೇ ಕನ್ನಡ ಅದರೊಳಗೆ ಸೇರಿತ್ತು. ಹೀಗಿದ್ದೂ 1963ರ ಗೋಡೆ ಇಂದಿಗೂ ಅಡ್ಡ ನಿಂತಿದೆ.

ಕೂಡಲೇ 'ಕನ್ನಡ ದ್ರೋಹ' ಎಂದು ಕೂಗುವ ಅಗತ್ಯವಿಲ್ಲ. ಇದು ಕನ್ನಡದ ಮೇಲಿನ ಹಗೆಯಿಂದ ಮಾಡಿದ ಕಟ್ಟಳೆಯಲ್ಲ. ಊರು ಹೆಸರು ಗೊತ್ತಿಲ್ಲದವರು ಬಂದು ಸೇರುವ ಆಟಗಳಲ್ಲಿ ಕಿಡಿಗೇಡಿಗಳು ಕೆಲಸಕ್ಕೆ ಬಾರದ ಚಿಹ್ನೆಗಳನ್ನು ತುಂಬಿ ಪರದೆ ಕೆಡಿಸಬಾರದು ಎಂದು ಹಾಕಿದ ಬೇಲಿ. ಅದಕ್ಕೇ ಸರ್ವರಿನ ಯಜಮಾನನಿಗೆ ಮಾತ್ರ ವಿನಾಯಿತಿ. ಒಬ್ಬರೇ ಮನೆಯಲ್ಲಿ ಆಡಿದರೆ ಈ ತೊಂದರೆ ಗೊತ್ತೇ ಆಗುವುದಿಲ್ಲ.

ಇಲ್ಲಿ ನೋಡಬೇಕಾದ ಮಾತು ಬೇರೆ ಇದೆ. ಫ್ರೆಂಚರ, ಪೋಲಿಷರ ಅಕ್ಷರಗಳ ಮೇಲೆ ಬರುವ ಗೆರೆ ಚುಕ್ಕೆಗಳೂ ಆಸ್ಕಿಯಲ್ಲಿಲ್ಲ. ಆದರೂ ಅವರ ಊರುಗಳ ಹೆಸರು ಗೆರೆ ಚುಕ್ಕೆಗಳ ಸಮೇತ ಆಟದಲ್ಲಿ ಮೆರೆಯುತ್ತವೆ. ಏಕೆಂದರೆ ಅವು ನಿಯಮಾವಳಿಯ ಕಡತದಲ್ಲಿವೆ. ಯಾರೋ ಒಬ್ಬ ಕೂತು ಬರೆದು ಸೇರಿಸಿದ್ದಾನೆ. ಅಷ್ಟೇ ವ್ಯತ್ಯಾಸ! ನಾವು ಬಾಗಿಲು ಮುಚ್ಚಿದೆ ಎಂದು ಹೊರಗೆ ನಿಂತು ಘೋಷಣೆ ಕೂಗುತ್ತಿದ್ದೇವೆ, ಅವರು ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಕೂತಿದ್ದಾರೆ.

ಆ ಬಾಗಿಲು ಎಲ್ಲಿದೆ ನೋಡಿ. ಆಟದ ದತ್ತಾಂಶವಿರುವ ಫೋಲ್ಡರಿನಲ್ಲಿ 'ನೇಶನ್' ಎಂಬ ಇನ್ನೊಂದು ಫೋಲ್ಡರು. ಅದರಲ್ಲಿ ಒಂದೊಂದು ನಾಡಿಗೂ ಒಂದೊಂದು ಸಾದಾ ಪಠ್ಯ ಕಡತ. ಅದರೊಳಗೆ ಊರುಗಳ ಪಟ್ಟಿ. ಇರುವ ಒಂದು ಕಡತದ ನಕಲು ತೆಗೆದು ಜೋಪಾನವಾಗಿಡಿ. ಆಮೇಲೆ ಮೂಲದಲ್ಲಿ ಊರುಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆಯಿರಿ. ಹೆಸರಿನ ಮುಂದೆ ಕಂಸದಲ್ಲಿ ನೆಲದ ಗುಣವನ್ನೂ ಸೂಚಿಸಬಹುದು: ಮಂಗಳೂರಿಗೆ ಕಡಲು, ಮಡಿಕೇರಿಗೆ ಬೆಟ್ಟ, ಶ್ರೀರಂಗಪಟ್ಟಣಕ್ಕೆ ಹೊಳೆ. ಆ ಸೂಚನೆಯ ಪದ ಮಾತ್ರ ಆಟದಲ್ಲಿ ಇರುವ ಇಂಗ್ಲಿಷ್ ಪದವೇ ಆಗಿರಬೇಕು. ಹೀಗೆ ಬರೆದರೆ ನೀವು ಕಡಲ ತೀರದಲ್ಲಿ ಊರು ಕಟ್ಟಲು ಹೊರಟಾಗ ಆಟ ತಾನಾಗಿಯೇ ಮಂಗಳೂರಿನಂಥ ಹೆಸರನ್ನು ಮುಂದೆ ಮಾಡುತ್ತದೆ. ಸರ್ವರ್ ಓಡುವ ಕಂಪ್ಯೂಟರಿನಲ್ಲಿ ಈ ತಿದ್ದುಪಡಿ ಇದ್ದರೆ ಸಾಕು. ನಾಲ್ವರಲ್ಲಿ ಆ ನಾಡನ್ನು ಆರಿಸಿಕೊಂಡು ಆಡುವವರು ಆ ಹೆಸರಿಡಬಹುದು.

ಎಡವುವ ಜಾಗಗಳೂ ಇವೆ. ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಬೇಕು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿ ತಂದು ಅಂಟಿಸಿದರೆ ಕನ್ನಡದ ಬದಲು ತಲೆಬುಡವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ. ಏಕೆಂದರೆ ಆ ಫಾಂಟುಗಳು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ಅದೇ ತಂತ್ರಾಂಶಗಳಲ್ಲಿ ಯೂನಿಕೋಡ್ ಆಯ್ಕೆಯೂ ಇದೆ, ಅದನ್ನೇ ಬಳಸಿ. (ಯೂನಿಕೋಡ್ ಬಂದು ಮೂರು ದಶಕ ದಾಟಿದರೂ ಹಳೆಯ ಫಾಂಟನ್ನೇ ಅಪ್ಪಿಕೊಂಡ ಕಚೇರಿಗಳು ನಮ್ಮಲ್ಲಿವೆ. ಆ ಕಥೆ ಬೇರೊಂದು ದಿನಕ್ಕಿರಲಿ.) ಇನ್ನೊಂದು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. ರೋಮನ್ ಲಿಪಿಯಲ್ಲಿ ಮೈಸೂರು ಬರೆಯಲು ಆರು ಬೈಟ್ ಸಾಕು, ಕನ್ನಡದಲ್ಲಿ ಹದಿನೆಂಟು. ಆಟಗಳು ಹೆಸರಿನ ಉದ್ದಕ್ಕೆ ಬೈಟ್ ಲೆಕ್ಕದಲ್ಲಿ ಮಿತಿ ಹಾಕಿರುತ್ತವೆ. ಆದ್ದರಿಂದ ಬಿರುದು ಬಾವಲಿಗಳನ್ನೆಲ್ಲ ಸೇರಿಸಿ ಊರಿನ ಹೆಸರನ್ನು ಉದ್ದ ಮಾಡಬೇಡಿ.

ಅಕ್ಷರದ ಬದಲು ಖಾಲಿ ಡಬ್ಬಿಗಳು ಕಂಡರೆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲವೆಂದು ಅರ್ಥ. ನೋಟೋ, ಗುಬ್ಬಿ ಇವೆಲ್ಲ ಬಿಟ್ಟಿ ಸಿಗುತ್ತವೆ. ಅಕ್ಷರ ಬಂದೂ ಒತ್ತು ಕೆಳಗಿಳಿಯದೆ ಪಕ್ಕಕ್ಕೆ ಜಾರಿ ಕೂತರೆ ರೋಗ ಬೇರೆ. ಒತ್ತಕ್ಷರ ಜೋಡಿಸುವ ಕೆಲಸವನ್ನು ಆಟ ಮಾಡುತ್ತಿಲ್ಲ. ಫ್ರೀಸಿವ್‌ನ ಜಿಟಿಕೆ ಕ್ಲೈಂಟ್ 'ಪ್ಯಾಂಗೋ' ಎಂಬ ಅಕ್ಷರ ಜೋಡಣೆಯ ಸಾಧನ ಬಳಸುವುದರಿಂದ ಅಲ್ಲಿ ಕನ್ನಡ ನೆಟ್ಟಗೆ ಕಾಣುತ್ತದೆ. ನಿಮ್ಮಲ್ಲಿ ಯಾರಾದರೂ ಸ್ವಂತ ಆಟ ಮಾಡುವ ಹುಮ್ಮಸ್ಸಿನಲ್ಲಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ. 2023ರಲ್ಲಿ ಬಂದ ಗೊಡೋ 4ರಲ್ಲಿ ಇಂಥ ಜೋಡಣೆಯ ಸೌಲಭ್ಯ ಇದೆ.

ನಕ್ಷೆಯ ಆಯ್ಕೆಗಳಲ್ಲಿ ತೊಡಕು ಇನ್ನೂ ಜಾಸ್ತಿ. ನೆಲ ಎಷ್ಟು, ನೀರು ಎಷ್ಟು ಎಂಬುದನ್ನು ನೀವೇ ತೀರ್ಮಾನಿಸಬಹುದು. ಸುಮ್ಮನೆ ಬಿಟ್ಟರೆ ನೂರಕ್ಕೆ ಮೂವತ್ತು ಪಾಲು ನೆಲ. ಮಿಕ್ಕಿದ್ದೆಲ್ಲ ಕಡಲು. 'ನಾಲ್ವರಿಗೂ ಜಾಗ ಸಾಲದು' ಎಂದು ಜಗಳವಾಡುವ ಮೊದಲು ಅದನ್ನು ಹೆಚ್ಚಿಸಿ, ನಕ್ಷೆಯ ಗಾತ್ರವನ್ನೂ ಹಿಗ್ಗಿಸಿ. ಆದರೆ ಆಟ ಶುರುವಾದ ಮೇಲೆ ಇವು ಬದಲಾಗುವುದಿಲ್ಲ, ಮೊದಲೇ ಮಾಡಬೇಕು. ಚೆಂದದ ನಕ್ಷೆಯೊಂದು ಸಿಕ್ಕಿತೆ? ಅದರ ಬೀಜಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮಿಕ್ಕ ಆಯ್ಕೆಗಳನ್ನೂ ಹಾಗೇ ಇಟ್ಟು ಅದೇ ಸಂಖ್ಯೆ ಕೊಟ್ಟರೆ ಅದೇ ನಕ್ಷೆ ಮತ್ತೆ ಹುಟ್ಟುತ್ತದೆ. ಕಡತದಿಂದ ತೆರೆದ ಸಿದ್ಧ ನಕ್ಷೆಯಾದರೆ ನೆಲ-ನೀರಿನ ಪ್ರಮಾಣವನ್ನು ಎಷ್ಟು ತಿರುಚಿದರೂ ಏನೂ ಆಗದು. ಅದು ಯಾರೋ ಬರೆದಿಟ್ಟ ನಕ್ಷೆ, ಆಟ ಹುಟ್ಟಿಸಿದ್ದಲ್ಲ.

ಯಾರೋ ಏಕೆ, ನೀವೇ ಬರೆಯಿರಿ! ಫ್ರೀಸಿವ್‌ನ ಒಳಗೇ ನಕ್ಷೆ ತಿದ್ದುವ ಸಾಧನವಿದೆ. ಬೀದರಿನಿಂದ ಚಾಮರಾಜನಗರದವರೆಗೆ, ಪಡುಗಡಲಿನಿಂದ ಕೋಲಾರದವರೆಗೆ ಚೌಕ ಚೌಕವಾಗಿ ಬಿಡಿಸಿ. ಸಹ್ಯಾದ್ರಿಗೆ ಬೆಟ್ಟ ಕಾಡು, ಬಯಲುಸೀಮೆಗೆ ಬಯಲು, ಕಾವೇರಿಗೆ, ಕೃಷ್ಣೆಗೆ, ತುಂಗಭದ್ರೆಗೆ ಹೊಳೆ. ಕಾಸರಗೋಡನ್ನು ಎಲ್ಲಿ ಇಡುತ್ತೀರಿ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಎಚ್ಚರಿಕೆ. ಪೂರ್ವ ಪಶ್ಚಿಮಗಳನ್ನು ಸೇರಿಸಿ ಸುತ್ತುವ ಆಯ್ಕೆಯನ್ನು ತೆಗೆದುಹಾಕಿ. ಅದು ಇಡೀ ಭೂಮಿಗಾಗಿ ಮಾಡಿದ್ದು. ಹಾಗೇ ಬಿಟ್ಟರೆ ಮಂಗಳೂರಿನಿಂದ ಪಡುವಣಕ್ಕೆ ಹೊರಟ ಹಡಗು ಕೋಲಾರದ ಪಕ್ಕದಲ್ಲಿ ಬಂದು ಲಂಗರು ಹಾಕುತ್ತದೆ! ಕೋಲಾರದವರಿಗೆ ನೀರು ಬಂದೀತೆಂದು ಸಂತೋಷವಾಗಬಹುದು, ಆದರೆ ಆಟ ಕೆಡುತ್ತದೆ.

ಇನ್ನು ದುಡ್ಡು ಕೊಟ್ಟು ಕೊಳ್ಳುವ ಆಟಗಳ ಕಡೆ ತಿರುಗಿ. 2016ರಲ್ಲಿ ಬಂದ 'ಸಿವಿಲೈಸೇಶನ್ 6'ರ ಭಾಷೆಯ ಆಯ್ಕೆ ತೆರೆದು ನೋಡಿ. ಹನ್ನೆರಡು ಭಾಷೆಗಳ ಪಟ್ಟಿ. ಗಾಂಧೀಜಿಯನ್ನು ಆಟದ ದೊರೆಯಾಗಿ ಕೂರಿಸಿದ್ದಾರೆ, ಗಾಂಧೀಜಿಯ ನಾಡಿನ ಒಂದು ನುಡಿಯೂ ಆ ಪಟ್ಟಿಯಲ್ಲಿಲ್ಲ. ಸರದಿಯ ಆಟವಲ್ಲದಿದ್ದರೂ ನೀವೆಲ್ಲ ಬಲ್ಲ 'ಏಜ್ ಆಫ್ ಎಂಪೈರ್ಸ್ 2'ರ ಹೊಸ ಆವೃತ್ತಿ 2019ರಲ್ಲಿ ಬಂತು. ಅದರಲ್ಲಿ ಭಾರತದ ಭಾಷೆ ಇದೆ. ಯಾವುದು? ಹಿಂದಿ, ಒಂದೇ ಒಂದು. ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಮಿಕ್ಕ 21 ಎಲ್ಲಿ ಹೋದವು? 2022ರಲ್ಲಿ ಅದೇ ಆಟಕ್ಕೆ 'ದ್ರಾವಿಡರು' ಎಂಬ ಪಂಗಡವನ್ನೂ ಸೇರಿಸಿದರು. ಆ ಸೈನಿಕರು ಆಡುವ ಮಾತು ತಮಿಳು. ತಮಿಳಿನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಅವರು ಕೇಳುತ್ತಾರೆ, ಪಡೆಯುತ್ತಾರೆ. ಆದರೆ ದೆಹಲಿಯಲ್ಲಿ ಭಾರತವೆಂದರೆ ಹಿಂದಿ ಎಂದು ಊದಿದ ಕಹಳೆ ಅಮೆರಿಕದ ಕಂಪನಿಯ ಕಿವಿಗೂ ಬಿದ್ದಿದೆ ಎಂಬುದನ್ನು ಗಮನಿಸಿ.

ಕನ್ನಡಕ್ಕೆ ಮಾರುಕಟ್ಟೆ ಇಲ್ಲ ಎನ್ನುವ ಜಾಣರಿದ್ದಾರೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು. ಪೋಲೆಂಡಿನ ಇಡೀ ಜನಸಂಖ್ಯೆ ನಾಲ್ಕು ಕೋಟಿ ಮುಟ್ಟುವುದಿಲ್ಲ. 'ಸಿವಿಲೈಸೇಶನ್ 6'ರ ಹನ್ನೆರಡರಲ್ಲಿ ಪೋಲಿಷ್ ಒಂದು! ಅದು ಆಕಾಶದಿಂದ ಉದುರಲಿಲ್ಲ. 1994ರಲ್ಲಿ ಶಾಲೆಯ ದಿನಗಳಿಂದ ಸ್ನೇಹಿತರಾಗಿದ್ದ ಇಬ್ಬರು ವಾರ್ಸಾದಲ್ಲಿ ಸಿ.ಡಿ. ಪ್ರೊಜೆಕ್ಟ್ ಎಂಬ ಕಂಪನಿ ತೆರೆದರು. ಹೊರದೇಶದ ಆಟಗಳನ್ನು ತರಿಸಿ ಮಾರುವುದು ಕಸುಬು. ಕಳ್ಳ ನಕಲುಗಳು ಬೀದಿ ಬೀದಿಯಲ್ಲಿ ಸಿಗುತ್ತಿದ್ದ ಊರಿನಲ್ಲಿ ಅಸಲಿ ಡಬ್ಬಿಯನ್ನು ಯಾರು ಕೊಳ್ಳುತ್ತಾರೆ? ಅವರು ಆಟವನ್ನೇ ತಮ್ಮ ನುಡಿಗೆ ತಂದರು. 1999ರಲ್ಲಿ 'ಬಾಲ್ಡರ್ಸ್ ಗೇಟ್' ಎಂಬ ದೊಡ್ಡ ಆಟವನ್ನು ಹೆಸರಾಂತ ನಟರ ದನಿಯಲ್ಲಿ ಪೋಲಿಷಿಗೆ ಇಳಿಸಿ ಮಾರಿ ಗೆದ್ದರು. ಮುಂದೆ 2007ರಲ್ಲಿ ತಮ್ಮದೇ 'ವಿಚರ್' ಆಟ ಮಾಡಿ ಜಗತ್ತಿಗೆ ಮಾರಿದರು. ಕಳ್ಳ ನಕಲಿನ ಅಂಗಡಿಗಳು ನಮ್ಮ ಊರಿನಲ್ಲೂ ಬೇಕಾದಷ್ಟಿದ್ದವು. ಅವರಂತೆ ಯೋಚಿಸಿದ ಅಂಗಡಿಯವನು ಮಾತ್ರ ಇರಲಿಲ್ಲ.

'ಆಟದ ಮಾತುಗಳಿಗೆ ಕನ್ನಡದಲ್ಲಿ ಪದವೇ ಇಲ್ಲವಲ್ಲ ಸಾರ್' ಎನ್ನುವವರಿಗೆ ನಾಚಿಕೆಯಾಗಬೇಕು. ಅದೂ ಮೈಸೂರಿನಲ್ಲಿ ಕೂತು! 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಬುದ್ಧಿಯನ್ನು ಹರಿಬಿಟ್ಟ ದಾರಿಗಳಲ್ಲಿ ಸರದಿಯ ಆಟವೂ ಒಂದು. 64 ಮನೆಗಳನ್ನೂ ಕುದುರೆ ಒಂದೊಂದೇ ಸಲ ಮುಟ್ಟಿ ಬರುವ ನಡೆಗಳನ್ನು ಹೆಣೆದರು, ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದರು. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೇ ಮೀಸಲಾದ ಭಾಗ. ಆ ಮಣೆಯಾಟಗಳು ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಚಿತ್ರವಾಗಿ ನಿಂತಿವೆ. ನಿಮ್ಮಲ್ಲಿ ಎಷ್ಟು ಜನ ಹೋಗಿ ನೋಡಿದ್ದೀರಿ? ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾಕೌಶಲ್ಯ' ಎಂಬ ಹೆಸರಿನಲ್ಲಿ ಇದೇ ಊರಿನಲ್ಲಿ ಹಳೆಯ ಆಟಗಳ ಪ್ರದರ್ಶನ ನಡೆಸುತ್ತ ಬಂದಿದ್ದಾರೆ. 2017ರಲ್ಲಿ ಕರ್ನಾಟಕದ ಮೊದಲ ಚೆಸ್ ಗ್ರಾಂಡ್‌ಮಾಸ್ಟರ್ ಆದ ಎಂ.ಎಸ್. ತೇಜ್‌ಕುಮಾರ್ ಈ ಊರಿನವರೇ.

ಪದ ಬೇಕೆ? ಅಜ್ಜಿಯ ಪಕ್ಕ ಚೌಕಾಬಾರದ ಮಣೆಯ ಮುಂದೆ ಕೂರಿ. ಆಡುವ ಪಾಳಿಗೆ ಸರದಿ, ಚೌಕಕ್ಕೆ ಮನೆ, ಆಳಿಗೆ ಕಾಯಿ. ಎದುರಾಳಿಯದನ್ನು ಹೊಡೆದರೆ 'ಕಡಿದೆ', ಗುರಿ ಮುಟ್ಟಿದರೆ 'ಹಣ್ಣಾಯಿತು'. ಯಾರೂ ಮುಟ್ಟಲಾಗದ ಮನೆ ಕಟ್ಟೆ. ಆಟ ಮಾಡುವವರು ಸುರಕ್ಷಿತ ವಲಯ ಎಂದು ಗಂಟಲು ಹಿಂಡಿಕೊಂಡು ಅನುವಾದಿಸುವ ಬದಲು ಕಟ್ಟೆ ಎಂದರೆ ಐದು ವರ್ಷದ ಮಗುವಿಗೂ ತಿಳಿಯುತ್ತದೆ. ಮಾನಸಗಂಗೋತ್ರಿಯ ಪಂಡಿತರು ಪದಕೋಶ ಮಾಡುವ ತನಕ ಕಾಯುವ ಕೆಲಸವಿಲ್ಲ.

ಫ್ರೀಸಿವ್‌ನ ಪರದೆಯ ಮಾತುಗಳು ಅನುವಾದ ಕಡತಗಳಲ್ಲಿರುತ್ತವೆ. ಮೇಲೆ ಇಂಗ್ಲಿಷ್ ಸಾಲು ಇದ್ದರೆ ಅದರ ಕೆಳಗೆ ನಿಮ್ಮ ಸಾಲು. ಫೈರ್‌ಫಾಕ್ಸ್, ಗ್ನೋಮ್, ಲಿಬ್ರೆ ಆಫೀಸ್ ಕನ್ನಡದಲ್ಲಿ ಬಂದಿದ್ದು ಹೀಗೇ, ಸಾಲು ಸಾಲಾಗಿ ಕೂತು ಬರೆದವರಿಂದ. ಸಾವಿರಾರು ಸಾಲುಗಳಿವೆ, ಒಬ್ಬರಿಂದ ಆಗದು. ಹತ್ತು ಜನ ಸೇರಿದರೆ ಮೊದಲು ಗುಂಡಿಗಳ ಮೇಲಿನ ಮಾತು, ಆಮೇಲೆ ನೆಲದ ಹೆಸರುಗಳು, ಆಮೇಲೆ ಸಹಾಯದ ಪುಟಗಳು ಎಂದು ಹಂಚಿಕೊಳ್ಳಬಹುದು. ಬೀದರ, ಕಾರವಾರ, ಕೊಡಗಿನ ಕಡೆಯವರು ಗುಂಪಿನಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೈಸೂರಿನ ಮಾತೇ ಎಲ್ಲ ಕಡೆ ತುಂಬೀತು.

ಮೊದಲ ಜಗಳ ಯಾವುದೆಂದು ಈಗಲೇ ಗೊತ್ತಿದೆ. ಸರದಿ ಮುಗಿದಾಗ ಒತ್ತುವ ಗುಂಡಿಯ ಮೇಲೆ ಏನು ಬರೆಯಬೇಕು? 'ಸರದಿ ಮುಗಿಸಿ' ಎಂಬುದು ಸರ್ಕಾರಿ ಅರ್ಜಿಯಂತಿದೆ. 'ಆಯ್ತು, ನಿಂದು' ಎಂಬುದು ಮಣೆಯ ಮುಂದೆ ಎಲ್ಲರೂ ಆಡುವ ಮಾತು, ಆದರೆ ಗುಂಡಿಯ ಮೇಲೆ ಹಿಡಿಸುತ್ತದೆಯೋ ಇಲ್ಲವೋ. ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ, ಬರೆದು ಕಳಿಸಿ.