ಗೆದ್ದಾಗಲೂ ಕೇಳಬೇಕಾದ ಲೆಕ್ಕ

2024ರ ಅಕ್ಟೋಬರ್ 17ರಂದು, ಮಳೆಯಿಂದ ಮೊದಲ ದಿನವೆಲ್ಲ ಕಳೆದುಹೋಗಿದ್ದ ಬೆಂಗಳೂರಿನ ಟೆಸ್ಟ್ ಪಂದ್ಯದಲ್ಲಿ, ಟಾಸ್ ಗೆದ್ದು ಬ್ಯಾಟು ಹಿಡಿದ ಭಾರತ ತಂಡವು ನ್ಯೂಜಿಲೆಂಡಿನೆದುರು 46 ರನ್ನುಗಳಿಗೆ ಆಲೌಟಾದುದು ಸ್ವದೇಶದ ನೆಲದಲ್ಲಿ ನಮ್ಮವರ ಅತ್ಯಲ್ಪ ಮೊತ್ತವೆಂಬ ಕಾರಣಕ್ಕೆ ದಾಖಲೆಯಲ್ಲಿ ಉಳಿಯುವಂತೆಯೇ, ಆ ಸಾಯಂಕಾಲ ನಾಯಕ ರೋಹಿತ್ ಶರ್ಮಾ ಪತ್ರಕರ್ತರ ಮುಂದೆ ಕುಳಿತು, ಪಿಚ್ಚಿನ ಗುಣವನ್ನು ಅಳೆಯುವುದರಲ್ಲಿ ತಾನೇ ತಪ್ಪಿದೆನೆಂದು ನೆಪವಿಲ್ಲದೆ ಹೇಳಿದ ಕಾರಣಕ್ಕೆ ನನ್ನ ಮನಸ್ಸಿನಲ್ಲಿಯೂ ಉಳಿದಿದೆ. ಅಧಿಕಾರಸ್ಥಾನದಲ್ಲಿರುವವರು ಹಾಗೆ ಬಹಿರಂಗವಾಗಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವುದು ನಮ್ಮ ದೇಶದಲ್ಲಿ ತೀರ ವಿರಳವಾದುದು. ಆದರೂ ಆ ಸರಣಿ 0-3ರಿಂದ ಕೈಬಿಟ್ಟು, ಹಿಂದೆಯೇ ಆಸ್ಟ್ರೇಲಿಯದ ಸರಣಿಯೂ 1-3ರಿಂದ ಹೋದಾಗ, ನಾಯಕನನ್ನು ಇಳಿಸಿರಿ, ಹಿರಿಯರನ್ನು ಮನೆಗೆ ಕಳುಹಿಸಿರಿ, ತರಬೇತುದಾರನನ್ನು ಬದಲಿಸಿರಿ ಎಂಬ ಕೂಗು ದೇಶದ ತುಂಬ ಎದ್ದಿತು. ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿಯೂ ಸಿಂದಗಿಯ ಸಂತೆಯಲ್ಲಿಯೂ ಆ ಕೂಗು ಬೆಂಗಳೂರಿನಷ್ಟೇ ಗಟ್ಟಿಯಾಗಿ ಕೇಳಿಸಿತು.

ಆ ಕೂಗಿಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ ಕೊಟ್ಟ ಉತ್ತರವು 2025ರ ಜನವರಿಯಲ್ಲಿ ಹತ್ತು ನಿಯಮಗಳ ರೂಪದಲ್ಲಿ ಬಂದಿತು. ಆಟಗಾರರು ದೇಶೀಯ ಪಂದ್ಯಗಳಲ್ಲಿ ಆಡಲೇಬೇಕು, ತಂಡದೊಡನೆಯೇ ಪ್ರಯಾಣ ಮಾಡಬೇಕು, ಕುಟುಂಬದವರ ವಾಸಕ್ಕೂ ಸ್ವಂತ ಸಹಾಯಕರಿಗೂ ಮಿತಿಯಿರಬೇಕು ಎಂಬಂಥವು ಅವು. ಅವುಗಳಲ್ಲಿ ಮೊದಲನೆಯದು ನಿಜಕ್ಕೂ ಒಳ್ಳೆಯದು. ವಿರಾಟ್ ಕೊಹ್ಲಿಯಂಥವರು ವರ್ಷಾನುವರ್ಷ ಬಿಟ್ಟಿದ್ದ ರಣಜಿ ಪಂದ್ಯಕ್ಕೆ ಮರಳಿ ಬಂದರು, ಕೆ.ಎಲ್. ರಾಹುಲ್ ಕರ್ನಾಟಕದ ಪರವಾಗಿ ಹರಿಯಾಣದೆದುರು ಬೆಂಗಳೂರಿನಲ್ಲಿ ಆಡಿದರು. ಆದರೆ ಆ ನಿಯಮಾವಳಿಯ ಸ್ವರೂಪವನ್ನು ಗಮನಿಸಿ ನೋಡಿದರೆ, ಕಟ್ಟುಪಾಡೆಲ್ಲ ಆಡುವವರಿಗೆ. ಆಡಿಸುವವರು ಯಾರಿಗೆ, ಯಾವಾಗ, ಯಾವುದರ ಲೆಕ್ಕವನ್ನು ಒಪ್ಪಿಸಬೇಕೆಂಬ ಪ್ರಸ್ತಾಪವೇ ಅಲ್ಲಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕದೆದುರು 408 ರನ್ನುಗಳಿಂದ ಭಾರತ ಸೋತಾಗ, ಅಂತರದ ಲೆಕ್ಕದಲ್ಲಿ ಅದು ನಮ್ಮ ಟೆಸ್ಟ್ ಇತಿಹಾಸದಲ್ಲಿಯೇ ಅತಿ ದೊಡ್ಡ ಸೋಲಾದುದರಿಂದ, ಹಳೆಯ ಕೂಗು ಮತ್ತೆ ಮೊದಲಿನಿಂದ ಆರಂಭವಾಯಿತು.

ಸೋತೊಡನೆ ಯಾರನ್ನಾದರೂ ಹೊರಗೆ ಹಾಕಿ ಸುಧಾರಣೆ ಮಾಡಿದೆವೆಂದು ತೃಪ್ತಿಪಡುವ ರೂಢಿ ನಮ್ಮದು. 2022ರ ನವೆಂಬರಿನಲ್ಲಿ ಅಡಿಲೇಡಿನ ಟಿ-20 ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಇಂಗ್ಲೆಂಡಿನೆದುರು ಹತ್ತು ವಿಕೆಟ್ಟುಗಳಿಂದ ಸೋತ ಕೆಲವೇ ದಿನಗಳಲ್ಲಿ ಚೇತನ್ ಶರ್ಮಾ ಅಧ್ಯಕ್ಷತೆಯ ಆಯ್ಕೆ ಸಮಿತಿಯನ್ನು ಇಡಿಯಾಗಿ ವಜಾ ಮಾಡಲಾಯಿತು; ಜನವರಿಯಲ್ಲಿ ಅದೇ ಚೇತನ್ ಶರ್ಮಾ ಅವರನ್ನು ಅದೇ ಸ್ಥಾನಕ್ಕೆ ತಿರುಗಿ ನೇಮಿಸಲಾಯಿತು. ಅವರ ತಪ್ಪೇನೆಂದು ಜನರಿಗೆ ತಿಳಿಸಿದವರಿಲ್ಲ, ತಪ್ಪು ತಿದ್ದಿದುದು ಹೇಗೆಂದು ಕೇಳಿದವರೂ ಇಲ್ಲ. ಇದಕ್ಕಿಂತ ಭಿನ್ನವಾದ ಹೊಣೆಗಾರಿಕೆಯೊಂದಿದೆಯೆಂಬುದನ್ನು ನಮ್ಮವರೇ ಆದ ಅನಿಲ್ ಕುಂಬ್ಳೆ 2017ರ ಜೂನಿನಲ್ಲಿ ತೋರಿಸಿಕೊಟ್ಟರು. ತಮ್ಮ ಶೈಲಿಯ ಬಗ್ಗೆ ನಾಯಕನಿಗೆ ಸಮಾಧಾನವಿಲ್ಲವೆಂದು ಮಂಡಳಿಯಿಂದ ತಿಳಿದ ಕೂಡಲೇ ತರಬೇತುದಾರನ ಸ್ಥಾನವನ್ನು ಬಿಟ್ಟುಕೊಟ್ಟು, ತಂಡದ ಹಿತಕ್ಕಾಗಿ ಕನ್ನಡಿ ಹಿಡಿಯುವುದು ತರಬೇತುದಾರನ ಕೆಲಸವೆಂಬ ಅಭಿಪ್ರಾಯವನ್ನು ತಮ್ಮ ಪತ್ರದಲ್ಲಿ ದಾಖಲಿಸಿದರು. ಅದಕ್ಕೆ ಕೆಲವೇ ದಿನಗಳ ಮುಂಚೆ, ಸರ್ವೋಚ್ಚ ನ್ಯಾಯಾಲಯವು ನೇಮಿಸಿದ್ದ ಆಡಳಿತಗಾರರ ಸಮಿತಿಯನ್ನು ತ್ಯಜಿಸಿದ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ತಮ್ಮ ಪತ್ರದಲ್ಲಿ ತಾರಾಪೂಜೆಯನ್ನೂ ಹಿತಾಸಕ್ತಿಗಳ ಸಂಘರ್ಷವನ್ನೂ ನೇರವಾಗಿ ಹೆಸರಿಸಿ ಖಂಡಿಸಿದ್ದರು. ಕ್ರಿಕೆಟ್ಟಿನ ಸುಧಾರಣೆಯ ವಿಷಯದಲ್ಲಿ ಈಚೆಗೆ ಬರೆದ ಬರಹಗಳಲ್ಲಿ ಆ ಎರಡು ಪತ್ರಗಳಷ್ಟು ಗೌರವಾರ್ಹವಾದವು ಬೇರೆ ನನಗೆ ಕಾಣವು. ಎರಡರಲ್ಲಿಯೂ ಕಾರಣ ಹೇಳುವ ಧೈರ್ಯವಿದೆ.

ಕಾರಣ ಹೇಳುವ ಈ ಕರ್ತವ್ಯಕ್ಕೆ ಕಾನೂನಿನ ಬಲ ಎಷ್ಟಿದೆಯೆಂದು ನೋಡಿದರೆ ನಿರಾಶೆಯಾಗುತ್ತದೆ. ದೇಶದ ಹೆಸರಿನಲ್ಲಿ ತಂಡ ಕಟ್ಟುವ ಮಂಡಳಿಯು ತಮಿಳುನಾಡಿನ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿತವಾದ ಒಂದು ಖಾಸಗಿ ಸಂಘ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಸರ್ಕಾರದ ಅಂಗವಲ್ಲವೆಂದಿತು. 2015ರಲ್ಲಿ ಅದೇ ನ್ಯಾಯಾಲಯವು ಅದು ಮಾಡುವುದು ಸಾರ್ವಜನಿಕ ಕಾರ್ಯವೆಂದು ಹೇಳಿ, ನ್ಯಾಯಮೂರ್ತಿ ಲೋಧಾ ಅವರ ಸಮಿತಿಯನ್ನು ರಚಿಸಿತು. ಅದರ ಮೂವರು ಸದಸ್ಯರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಆರ್.ವಿ. ರವೀಂದ್ರನ್ ಒಬ್ಬರು. ರಾಜ್ಯಕ್ಕೊಂದು ಮತ, ಎಪ್ಪತ್ತು ವರ್ಷದ ವಯೋಮಿತಿ, ಅಧಿಕಾರಾವಧಿಗಳ ನಡುವೆ ವಿರಾಮ, ಮಂತ್ರಿಗಳಿಗೆ ಪ್ರವೇಶವಿಲ್ಲ ಎಂಬ ಆ ಸಮಿತಿಯ ಶಿಫಾರಸುಗಳಲ್ಲಿ ಬಹುಪಾಲನ್ನು 2016ರ ಜುಲೈ 18ರಂದು ಅಂಗೀಕರಿಸಿದ ನ್ಯಾಯಾಲಯವೇ 2018ರಲ್ಲಿಯೂ 2022ರಲ್ಲಿಯೂ ಕೆಲವನ್ನು ಸಡಿಲಿಸಿತು. ಮಂಡಳಿಯನ್ನು ಮಾಹಿತಿ ಹಕ್ಕಿನ ಕಾಯಿದೆಗೆ ಒಳಪಡಿಸಬೇಕೆಂದು 2018ರಲ್ಲಿ ಕಾನೂನು ಆಯೋಗ ಮಾಡಿದ ಶಿಫಾರಸು ಕಾಗದದಲ್ಲಿಯೇ ಉಳಿದಿದೆ.

ರಾಜ್ಯಕ್ಕೊಂದು ಮತವೆಂಬ ಸೂತ್ರವು ರಾಜ್ಯದ ಗಡಿಯಲ್ಲಿಯೇ ನಿಂತುಬಿಟ್ಟಿತೆಂಬುದು ನನ್ನ ಮುಖ್ಯ ಆಕ್ಷೇಪ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಚುನಾವಣೆಯಲ್ಲಿ ಮತ ಹಾಕುವವರು ಆಜೀವ ಸದಸ್ಯರು ಮತ್ತು ಸದಸ್ಯ ಕ್ಲಬ್ಬುಗಳು. ಮುದ್ದೇಬಿಹಾಳದ ಹುಡುಗನೊಬ್ಬನ ತಂದೆಗೆ ಅಲ್ಲಿ ಪ್ರಶ್ನೆ ಕೇಳುವ ಪೀಠವೆಲ್ಲಿದೆ? 2010ರಲ್ಲಿ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಇವರೇ ಆ ಸಂಸ್ಥೆಯ ಆಡಳಿತವನ್ನು ಗೆದ್ದು ಹಿಡಿದಾಗ, ಆಡಿದವರೇ ಆಡಳಿತಕ್ಕೆ ಬಂದರೆಂಬ ಸಂತೋಷ ನಾಡಿಗೆಲ್ಲ ಆಯಿತು. ಮೈದಾನಗಳು ಬೆಂಗಳೂರಿನಾಚೆಗೂ ಬೆಳೆದವು. ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ ಸಂಸ್ಥೆಯದೇ ಕ್ರೀಡಾಂಗಣಗಳಾಗಿವೆ. ಆದರೆ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ವಿಜಯೋತ್ಸವಕ್ಕೆ ನೆರೆದ ಜನರ ಕಾಲ್ತುಳಿತಕ್ಕೆ ಸಿಲುಕಿ ಹನ್ನೊಂದು ಮಂದಿ ಪ್ರಾಣ ಬಿಟ್ಟ ಮೇಲೆ ಸಂಸ್ಥೆಯ ಕಾರ್ಯದರ್ಶಿಯೂ ಖಜಾಂಚಿಯೂ ನೈತಿಕ ಹೊಣೆ ಹೊತ್ತು ರಾಜೀನಾಮೆಯಿತ್ತರು. ಆ ದುಃಖವನ್ನು ಸೋಲುಗೆಲುವಿನ ಮಾತಿನೊಡನೆ ಬೆರೆಸಲಾಗದು. ಸಂಭ್ರಮದ ದಿನದಲ್ಲಿ ಯಾರೂ ಲೆಕ್ಕ ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಮಾತ್ರ ಅದು ಸಾಕ್ಷಿ.

ಇಲ್ಲಿಯೇ ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆನಪು ಬರುತ್ತದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ರಾಜದ್ರವ್ಯವನ್ನು ಜಂಗಮದಾಸೋಹಕ್ಕೆ ವೆಚ್ಚ ಮಾಡುತ್ತಿರುವರೆಂಬ ಆರೋಪ ಬಂದಾಗ, ಭಂಡಾರವನ್ನು ತೆರೆದು ಎಣಿಸಿ ನೋಡಲಾಗಿ ಒಂದು ಹೊನ್ನೂ ಕಡಮೆಯಿರಲಿಲ್ಲವೆಂದು ಶರಣಚರಿತೆಗಳು ಹೇಳುತ್ತವೆ. ಪವಾಡದ ಅಂಶವನ್ನು ಬದಿಗಿಟ್ಟು ಆ ಪ್ರಸಂಗವನ್ನು ಓದಿದಾಗ ನನಗೆ ಮುಖ್ಯವಾಗಿ ತೋರುವುದು ಸಮಯ: ರಾಜ್ಯ ಸೋತಿರಲಿಲ್ಲ, ಭಂಡಾರ ಬರಿದಾಗಿರಲಿಲ್ಲ, ಭಂಡಾರಿಯ ಕೀರ್ತಿ ಉನ್ನತಿಯಲ್ಲಿದ್ದ ಗಳಿಗೆಯಲ್ಲಿಯೇ ಲೆಕ್ಕದ ಪ್ರಶ್ನೆ ಎದ್ದಿತು, ಮತ್ತು ಭಂಡಾರಿ ಬಾಗಿಲು ತೆರೆದು ನಿಂತರು.

ಅಂಥ ಉನ್ನತಿಯ ಗಳಿಗೆ ನಮ್ಮ ಕಾಲದಲ್ಲಿಯೂ ಬಂದಿತು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಭಾರತದ ಹೆಣ್ಣುಮಕ್ಕಳು ವಿಶ್ವಕಪ್ಪನ್ನು ಗೆದ್ದರು. ಆ ರಾತ್ರಿ ನಮ್ಮ ಊರುಗಳಲ್ಲಿಯೂ ಪಟಾಕಿ ಸಿಡಿದವು, ನಾನೂ ಆನಂದಪಟ್ಟೆ. ಆದರೆ ಆ ತಂಡದ ಹದಿನೈದು ಹೆಸರುಗಳನ್ನು ಓದುತ್ತ ಹೋದಂತೆ, ಕರ್ನಾಟಕದ ಪರವಾಗಿ ಆಡುವ ಒಬ್ಬಳೂ ಅದರಲ್ಲಿಲ್ಲವೆಂಬ ಸಂಗತಿ ಮನಸ್ಸನ್ನು ಚುಚ್ಚಿತು. ಭಾರತದ ಮಹಿಳೆಯರು ತಮ್ಮ ಪ್ರಥಮ ಟೆಸ್ಟ್ ಪಂದ್ಯವನ್ನಾಡಿದುದು 1976ರಲ್ಲಿ ಇದೇ ಬೆಂಗಳೂರಿನಲ್ಲಿ. ಆಗಿನ ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. 2017ರ ಜುಲೈ 23ರಂದು ಲಾರ್ಡ್ಸ್ ಮೈದಾನದಲ್ಲಿ ಒಂಬತ್ತೇ ರನ್ನುಗಳಿಂದ ಕೈತಪ್ಪಿದ ಫೈನಲಿನಲ್ಲಿ ಆಡಿದ ಹನ್ನೊಂದು ಮಂದಿಯಲ್ಲಿ ಇಬ್ಬರು ಕನ್ನಡಿಗರು: ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್. ಎಂಟು ವರ್ಷಗಳಲ್ಲಿ ಇಬ್ಬರಿಂದ ಶೂನ್ಯಕ್ಕೆ ಬಂದುದಕ್ಕೆ ಕಾರಣವೇನೆಂದು ಗೆಲುವಿನ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ದೇಶ ಸೋತಿದ್ದರೆ ಕೇಳುತ್ತಿದ್ದರೇ? ಆಗ ನಾಯಕಿಯ ಹೆಸರು ಮಾತ್ರ ಕೇಳಿಬರುತ್ತಿತ್ತು.

ರಾಜೇಶ್ವರಿಯವರ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2017ರ ವಿಶ್ವಕಪ್ಪಿನ ಆರಂಭದ ಪಂದ್ಯಗಳಲ್ಲಿ ಅವರಿಗೆ ಆಡುವ ಅವಕಾಶವೇ ಸಿಕ್ಕಿರಲಿಲ್ಲ. ಸೆಮಿಫೈನಲ್ಲಿಗೆ ಹೋಗಬೇಕಾದರೆ ನ್ಯೂಜಿಲೆಂಡನ್ನು ಗೆಲ್ಲಲೇಬೇಕಾಗಿದ್ದ ದಿನ ಡರ್ಬಿಯಲ್ಲಿ ಚೆಂಡು ಅವರ ಕೈಗೆ ಬಂದಿತು. ಎಡಗೈ ಸ್ಪಿನ್ನಿನಿಂದ ಅವರು 15 ರನ್ನಿಗೆ 5 ವಿಕೆಟ್ ಪಡೆದರು, ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಊರಿಗೆ ಮರಳಿದಾಗ ಕಾರಿನ ಬಹುಮಾನ ಘೋಷಿತವಾಯಿತು, ತಮ್ಮ ಕುಟುಂಬಕ್ಕೆ ಬೇಕಾದುದು ಕಾರಲ್ಲ, ಒಂದು ಮನೆ ಎಂದು ಅವರು ವಿನಯದಿಂದ ಹೇಳಿದುದನ್ನು ಆಗಿನ ಪತ್ರಿಕೆಗಳು ವರದಿ ಮಾಡಿದವು. ದೇಶದ ಪರವಾಗಿ ವಿಶ್ವಕಪ್ ಫೈನಲ್ ಆಡಿ ಬಂದವಳು ತಲೆಯ ಮೇಲಿನ ಸೂರಿನ ಮಾತಾಡಬೇಕಾದ ಸ್ಥಿತಿಯ ಹೊಣೆ ಯಾರದು? ಮಹಿಳಾ ಕ್ರಿಕೆಟ್ಟು ಮಂಡಳಿಯ ಆಶ್ರಯಕ್ಕೆ ಬಂದುದು 2006ರಲ್ಲಿ; ಗಂಡಸರಷ್ಟೇ ಪಂದ್ಯಶುಲ್ಕವೆಂದು ಘೋಷಣೆಯಾದುದು 2022ರಲ್ಲಿ. ನಡುವಿನ ಹದಿನಾರು ವರ್ಷಗಳ ಲೆಕ್ಕವನ್ನು ಯಾರೂ ಒಪ್ಪಿಸಿಲ್ಲ.

ಇನ್ನು ನಮ್ಮ ತಾಲ್ಲೂಕುಗಳ ನೆಲವನ್ನು ನೋಡಿರಿ. ಜೋಳದ ರಾಶಿ ಮುಗಿದ ಮೇಲೆ ಬೇಸಿಗೆಯಲ್ಲಿ ಎರಿ ಹೊಲಗಳು ಅಂಗೈ ಹೋಗುವಷ್ಟು ಅಗಲವಾಗಿ ಬಿರಿಯುತ್ತವೆ. ಹುಡುಗರು ಆ ಬಿರುಕುಗಳಿಗೆ ಗರಸು ತುಂಬಿ, ಕೊಡದಿಂದ ನೀರು ಹೊಡೆದು, ಕಲ್ಲಿನ ರೂಲು ಉರುಳಿಸಿ, ಸುಣ್ಣದ ಗೆರೆಯೆಳೆದು ಪಿಚ್ಚು ಮಾಡುತ್ತಾರೆ. ಟೆನಿಸ್ ಬಾಲಿನ ಟೂರ್ನಮೆಂಟಿಗೆ ಮೈಕು ಕಟ್ಟಿ, ಓವರಿಗೊಮ್ಮೆ ಸ್ಕೋರು ಕೂಗುತ್ತಾರೆ. ಅದೇ ಕಪ್ಪು ಜೇಡಿಯನ್ನು ಶಾಸ್ತ್ರೀಯವಾಗಿ ಹದಮಾಡಿ ದೊಡ್ಡ ಕ್ರೀಡಾಂಗಣಗಳ ಪಿಚ್ಚುಗಳನ್ನು ಕಟ್ಟುವುದುಂಟು. ನಮ್ಮಲ್ಲಿ ಮಣ್ಣಿದೆ, ಹದ ಮಾಡುವ ವಿದ್ಯೆ ಬಂದಿಲ್ಲ. ಟೆನಿಸ್ ಬಾಲಿಗೆ ಹೊಂದಿಕೊಂಡ ಕೈ ಲೆದರ್ ಬಾಲಿನ ಸೀಮನ್ನು ಹಿಡಿಯುವಷ್ಟರಲ್ಲಿ ಹದಿನಾರರ ವಯೋಮಿತಿ ದಾಟಿಹೋಗಿರುತ್ತದೆ. ಹುಡುಗಿಯರಿಗಂತೂ ಆ ಹೊಲದ ಟೂರ್ನಮೆಂಟಿನಲ್ಲಿಯೂ ಜಾಗವಿಲ್ಲ. ಬೆಂಗಳೂರಿಗೆ ಹೋಗಬೇಕಾದರೆ ಸುಮಾರು ಐನೂರು ಕಿಲೋಮೀಟರಿನ ದಾರಿ. ಇಂಡಿಯವರಿಗೆ ಇಂಡಿ ರೋಡ್ ನಿಲ್ದಾಣ ಊರಿನಿಂದ ದೂರ, ಸಿಂದಗಿ ಮುದ್ದೇಬಿಹಾಳಗಳಿಗೆ ರೈಲೇ ಇಲ್ಲ. ಟ್ರಯಲ್ಸಿನ ಮುಂಜಾನೆ ತಲುಪಬೇಕಾದ ಹುಡುಗಿಯೊಡನೆ ಮನೆಯವರೊಬ್ಬರು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಎರಡು ದಿನದ ಕೂಲಿ ಕಳೆದುಕೊಳ್ಳಬೇಕು.

ಹೀಗಿದ್ದರೂ ಪ್ರತಿಭೆ ತಾನಾಗಿ ಮೇಲೆ ಬರುತ್ತದೆನ್ನುವವರು ಗದಗಿನ ಸುನೀಲ್ ಜೋಶಿಯವರನ್ನು ತೋರಿಸುತ್ತಾರೆ. ನಸುಕಿನಲ್ಲಿ ಗದಗಿನಿಂದ ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಮರಳುತ್ತಿದ್ದ ಆ ಬಾಲಕನು ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದೆದುರು 6 ರನ್ನಿಗೆ 5 ವಿಕೆಟ್ ಪಡೆದುದೂ, 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದುದೂ ನಮ್ಮ ಹೆಮ್ಮೆಯೇ ಸರಿ. ಆದರೆ ಆ ಕಷ್ಟವನ್ನು ಹೊಗಳುವ ಸಂಸ್ಥೆಯು, ಅದನ್ನು ಮುಂದಿನವರಿಗೆ ತಪ್ಪಿಸುವ ಕೆಲಸ ತನ್ನದೆಂಬುದನ್ನು ಮರೆಯುತ್ತದೆ. ವ್ಯವಸ್ಥೆಯಿದ್ದಲ್ಲಿ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಕ್ರೀಡಾ ವಸತಿನಿಲಯವೂ ತರಬೇತುದಾರರೂ ಇರುವ ಕಾರಣಕ್ಕೆ ಇದೇ ಬರದ ಜಿಲ್ಲೆ ರಾಷ್ಟ್ರಮಟ್ಟದ ಸೈಕಲ್ ಪಟುಗಳಿಗೆ ಹೆಸರಾಗಿದೆ. ರೈತರ ಮಕ್ಕಳೇ ಅವರು. ಕ್ರಿಕೆಟ್ಟಿನಲ್ಲಿಯೇ ದೃಷ್ಟಾಂತ ಬೇಕೆನ್ನುವವರು ಹಿಮಾಚಲ ಪ್ರದೇಶವನ್ನು ನೋಡಲಿ: ಅಲ್ಲಿಯ ಸಂಸ್ಥೆ ಧರ್ಮಶಾಲೆಯಲ್ಲಿ ಹುಡುಗಿಯರಿಗೆ ಊಟ ವಸತಿ ಶಾಲೆಗಳೊಡನೆ ತರಬೇತಿ ಕೇಂದ್ರ ತೆರೆಯಿತು, 2025ರ ವಿಶ್ವಕಪ್ ತಂಡದ ರೇಣುಕಾ ಸಿಂಗ್ ಠಾಕೂರ್ ಅಲ್ಲಿ ಬೆಳೆದವರು. ಅದೇ ತಂಡದಲ್ಲಿದ್ದ ಶ್ರೀ ಚರಣಿ ನಮ್ಮ ನೆರೆಯ ಆಂಧ್ರದ ಕಡಪ ಜಿಲ್ಲೆಯ ಹಳ್ಳಿಯವರು.

2025ರ ಡಿಸೆಂಬರಿನಲ್ಲಿ ರಾಜ್ಯ ಸಂಸ್ಥೆಗೆ ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾಗಿ ಆಯ್ಕೆಯಾದರು. ಬೌಲರಾಗಿದ್ದಾಗ ಅವರು ಹಿಂಜರಿದುದನ್ನು ನಾವು ಕಂಡಿಲ್ಲ, ಆದುದರಿಂದ ಕೇಳುವುದಕ್ಕೆ ನಮಗೂ ಸಂಕೋಚವಿಲ್ಲ. ಬೇರೆ ಬೇರೆ ವಯೋಮಿತಿಗಳ ಆಯ್ಕೆಗೆ ಯಾವ ಜಿಲ್ಲೆಯಿಂದ ಎಷ್ಟು ಹುಡುಗಿಯರು ಬಂದರು, ಎಷ್ಟು ಮಂದಿ ಆಯ್ಕೆಯಾದರು, ಬೆಂಗಳೂರಿನ ಹೊರಗೆ ಎಷ್ಟು ಟರ್ಫ್ ಪಿಚ್ಚುಗಳಿವೆ, ಅವುಗಳಲ್ಲಿ ಕಳೆದ ವರ್ಷ ಎಷ್ಟು ದಿನ ಪಂದ್ಯ ನಡೆಯಿತು ಎಂಬ ವಿವರವನ್ನು ಸಂಸ್ಥೆ ಪ್ರತಿ ವರ್ಷ ಕನ್ನಡದಲ್ಲಿ ಅಚ್ಚು ಹಾಕಿಸಿ ಜಿಲ್ಲಾ ಕ್ರೀಡಾಂಗಣಗಳಿಗೂ ತಾಲ್ಲೂಕಿನ ಕಾಲೇಜುಗಳಿಗೂ ಕಳುಹಿಸಲಿ. ರಾಷ್ಟ್ರೀಯ ತಂಡ ಗೆದ್ದ ವರ್ಷವೂ ಕಳುಹಿಸಲಿ, ಸೋತ ವರ್ಷವೂ ಕಳುಹಿಸಲಿ. ಮುಂದಿನ ಹಂಗಾಮಿನಲ್ಲಿ ಒಂದು ಹುಡುಗಿಯರ ಆಯ್ಕೆ ಶಿಬಿರವನ್ನು ಬೇಸಿಗೆಯ ರಜೆಯಲ್ಲಿ ಮುದ್ದೇಬಿಹಾಳದಲ್ಲಿಯೋ ಸಿಂದಗಿಯಲ್ಲಿಯೋ ನಡೆಸಲಿ, ಲೆದರ್ ಬಾಲನ್ನೂ ಮ್ಯಾಟನ್ನೂ ಸಂಸ್ಥೆಯೇ ತರಲಿ, ಆಯ್ಕೆಗಾರರು ಮುಂಚಿನ ದಿನವೇ ಬಂದು ಉಳಿಯಲಿ. ಬಂದ ಹುಡುಗಿಯರ ಹೆಸರು ಬರೆದುಕೊಳ್ಳುವ ಕೆಲಸವನ್ನು ಇಲ್ಲಿಯ ದೈಹಿಕ ಶಿಕ್ಷಕರು ಸಂತೋಷದಿಂದ ಮಾಡಿಕೊಡುವರು.