ಬಾಡು ಬೇರೆ, ಬಾಟ್ಲಿ ಬೇರೆ



ಹೋದ ತಿಂಗಳು ನಮ್ಮ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಹಳೇ ವಿದ್ಯಾರ್ಥಿಗಳ ಸಭೆ ಸೇರಿತ್ತು. ಕಾಲೇಜಿನ ಹೆಸರು ಬರೆಯುವುದಿಲ್ಲ, ನಾಳೆ ನಮ್ಮ ಮಕ್ಕಳು ಅಲ್ಲೇ ಓದಬೇಕು. ವಾರ್ಷಿಕೋತ್ಸವಕ್ಕೆ ದುಡ್ಡು ಎತ್ತುವ ಮಾತೆಲ್ಲ ಮುಗಿದ ಮೇಲೆ ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದ ಒಬ್ಬರು ಎದ್ದು ನಿಂತು, "ಹಗಲು ಭಾಷಣ ಇರ್ಲಿ. ರಾತ್ರಿ ಇಲ್ಲೇ ಬಯಲು ರಂಗಮಂದಿರದಲ್ಲಿ ಒಂದು ಪಾರ್ಟಿ ಇಡೋಣ. ಸ್ಪೆಷಲ್ ಫಂಕ್ಷನ್ ಅಂತ ಅಬಕಾರಿಯವರ ಹತ್ರ ಒಂದು ರಾತ್ರಿಗೆ ಪರ್ಮಿಷನ್ ತಗೊಂಡ್ರೆ ಆಯ್ತು" ಅಂದರು. ಅರ್ಧ ಸಭೆ ಚಪ್ಪಾಳೆ ಹೊಡೆಯಿತು. ನಾನು ಎದ್ದು ಬೇಡ ಅಂದೆ. ಆಗ ನನ್ನ ಪಕ್ಕದಲ್ಲೇ ಕೂತಿದ್ದ ಹುಡುಗ, ನಮ್ಮ ಕೇರಿಯವನೇ, ಹಾಸ್ಟೆಲಿನ ಅನ್ನ ಉಂಡು ಓದಿ ಈಗ ಕಂಪ್ಯೂಟರ್ ಕಂಪನಿಯಲ್ಲಿ ಇರುವವನು, ಕಿವಿಯ ಹತ್ತಿರ ಬಂದು ಕೇಳಿದ: "ಏನಣ್ಣಾ, ನೀನೂ ಐನೋರ ಥರ ಮಾತಾಡ್ತೀಯಲ್ಲ! ಸಮ್ಮೇಳನದಲ್ಲಿ ಬಾಡೂಟ ಹಾಕ್ಸಿ ಅಂತ ಕೂಗಿದವ್ರು ನೀವೇ ಅಲ್ವಾ? ಉಣ್ಣೋದು ಕುಡಿಯೋದು ಅವರವರ ಇಷ್ಟ ಅಂದವ್ರು ನೀವೇ ಅಲ್ವಾ?"

ಕಾರಿನಲ್ಲಿ ಬಂದವರಿಗೆ ಉತ್ತರ ಕೊಡುವುದು ಸುಲಭ. ಈ ಹುಡುಗನ ಮಾತು ಮಾತ್ರ ಮೂರು ರಾತ್ರಿ ನಿದ್ದೆ ಕೆಡಿಸಿತು. ಈ ಬರಹ ಅವನಿಗೆ.

ತಮ್ಮಾ, 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನಾವು ಯಾಕೆ ಜಗಳ ತೆಗೆದೆವು ಅನ್ನೋದು ನಿನಗೆ ಮರೆತುಹೋಗಿದೆ. ಮದ್ಯ, ತಂಬಾಕು, ಮಾಂಸಾಹಾರ ನಿಷೇಧ ಅಂತ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರು. ನಮ್ಮ ಅವ್ವ ಮಾಡಿದ ಬಾಡಿನ ಎಸರನ್ನು ಬೀಡಿ ಬ್ರಾಂದಿಯ ಪಕ್ಕ ಕೂರಿಸಿದ್ದರು. ಆ ಸಾಲು ಬರೆದವನ ತಲೆಯೊಳಗೆ ನಮ್ಮ ಊಟವೇ ಒಂದು ಚಟ, ನಮ್ಮ ಅಡಿಗೆಮನೆಯೇ ಒಂದು ಹೆಂಡದಂಗಡಿ. ಅದಕ್ಕೆ ಮಂಡ್ಯದ ಜನ ಸಿಟ್ಟಾದರು. ಈಗ ನೀನು ಅದೇ ಸಾಲನ್ನು ಉಲ್ಟಾ ಹಿಡಿದು ಓದುತ್ತಿದ್ದೀಯ. ಅವರು ಎರಡೂ ಒಂದೇ, ಎರಡೂ ಕೆಟ್ಟದ್ದು ಅಂದರು. ನೀನು ಎರಡೂ ಒಂದೇ, ಎರಡೂ ನಮ್ಮ ಹಕ್ಕು ಅಂತೀಯ. ಎರಡೂ ಒಂದೇ ಅನ್ನೋದೇ ಸುಳ್ಳು ಕಣಪ್ಪ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನಕ್ಕೆ ಬೋಧಿಸಿದ 22 ಪ್ರತಿಜ್ಞೆಗಳನ್ನು ತೆಗೆದು ನೋಡು. ಮದ್ಯ ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ ಇದೆ. ಬಾಡು ತಿನ್ನುವುದಿಲ್ಲ ಎಂಬ ಪ್ರತಿಜ್ಞೆ ಇಲ್ಲ.

ಹಾಗಂತ ನಾನು ಮಡಿ ಹುಟ್ಟಿದವನಲ್ಲ. ನಮ್ಮ ಮನೆಯಲ್ಲಿ ಮಾರಿಹಬ್ಬಕ್ಕೆ ಹೆಂಡ ಬರುತ್ತಿತ್ತು. ಸತ್ತ ಹಿರಿಯರಿಗೆ ಎಡೆ ಇಡುವಾಗ ಈಗಲೂ ಒಂದು ಕ್ವಾರ್ಟರ್ ಇಡುತ್ತಾರೆ, ನಾನು ಬೇಡ ಅಂದರೂ ಚಿಕ್ಕಪ್ಪ ಬಿಡುವುದಿಲ್ಲ. ನಮ್ಮಪ್ಪ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಕೆಲಸಕ್ಕೆ ಹೋಗುತ್ತಿದ್ದ. ರಾತ್ರಿಯೆಲ್ಲ ಬೆಂಕಿ ಮುಂದೆ ನಿಂತವನಿಗೆ ಬೆಳಿಗ್ಗೆ ಕೂಲಿಯ ಜೊತೆ ಎರಡು ಸಾರಾಯಿ ಪ್ಯಾಕೆಟ್ಟು ಕೊಡೋರು. ಪ್ಯಾಕೆಟ್ಟಿನ ದುಡ್ಡು ಕೂಲಿಯಲ್ಲೇ ಮುರಿದುಕೊಳ್ಳೋರು. ಅಪ್ಪ ಅದನ್ನು ಧಣಿಯ ಉಪಕಾರ ಅಂತಲೇ ಕೊನೆತನಕ ನಂಬಿದ್ದ. ಅವ್ವ ನಂಬಿರಲಿಲ್ಲ.

ನೋಡಿ, ಈ ಮಂಡ್ಯ ಅನ್ನೋದು ಸಕ್ಕರೆ ಊರು. 1933ರಲ್ಲಿ ಮೈಷುಗರ್ ಕಂಪನಿ ಆಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ಟು ಬರುತ್ತದೆ. ಸಕ್ಕರೆ ಪೇಟೆಗೆ ಹೋಯಿತು, ಕಾಕಂಬಿಯ ನೀರು ಕೇರಿಗೆ ಬಂತು. ಕಬ್ಬು ಕಡಿದವರ ಕೈಗೆ ಕೊನೆಗೆ ಸಿಕ್ಕಿದ್ದು ಆ ಕಬ್ಬಿನ ಕಸದಿಂದ ಇಳಿಸಿದ್ದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಕ್ಲಬ್ಬಿನ ಮೆಂಬರುಗಳು ಎಷ್ಟಿದ್ದರು ಅಂತ ಯಾರೂ ಕೇಳಬೇಕಾಗಿಲ್ಲ.

ಆ ಕಾಲದಲ್ಲೇ ಅಲ್ಲವೇ ದಲಿತ ಸಂಘರ್ಷ ಸಮಿತಿ "ಹೆಂಡ ಬೇಡ, ವಸತಿ ಶಾಲೆ ಬೇಕು" ಎಂದು ಊರೂರಲ್ಲಿ ಕೂಗಿದ್ದು! ಆ ಕೂಗಿನ ಒಳಗುಟ್ಟನ್ನು ನಮ್ಮ ಹುಡುಗರು ಬಿಡಿಸಿ ನೋಡಬೇಕು. ಹೆಂಡ ಬೇಡ ಅಂತ ಮಾತ್ರ ಕೂಗಿದ್ದರೆ ಅದು ಮಠದ ಸ್ವಾಮಿಗಳ ಉಪದೇಶ ಆಗುತ್ತಿತ್ತು. ಹೆಂಡದಂಗಡಿ ಇರುವ ಜಾಗದಲ್ಲಿ ಶಾಲೆ ತಂದು ನಿಲ್ಲಿಸಿ ಅಂತ ಕೇಳಿದ್ದು. ಈಗ ಏನಾಗುತ್ತಿದೆ? ಆ ಶಾಲೆ, ಆ ಹಾಸ್ಟೆಲು, ಆ ಕಾಲೇಜು ಹೇಗೋ ಬಂದ ಮೇಲೆ ಅದರ ಅಂಗಳಕ್ಕೇ ಬಾಟ್ಲಿ ತರುತ್ತೇವೆ ಅನ್ನುತ್ತಿದ್ದಾರೆ. ಅದೂ ನಮ್ಮ ಹೆಸರಿನಲ್ಲಿ, ಸ್ವಾತಂತ್ರ್ಯದ ಹೆಸರಿನಲ್ಲಿ.

ಕಾನೂನಿನ ಮಾತಿಗೆ ಬರೋಣ. 1967ರ ಅಬಕಾರಿ ಸನ್ನದು ಸಾಮಾನ್ಯ ಷರತ್ತುಗಳ ನಿಯಮಗಳಲ್ಲಿ 5ನೇ ನಿಯಮ ಅಂತ ಒಂದಿದೆ. ಶಾಲೆ ಕಾಲೇಜು, ದೇವಸ್ಥಾನ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡಕೂಡದು. ಅದೇ ನಿಯಮದಲ್ಲಿ, ಅದೇ ಉಸಿರಿನಲ್ಲಿ, ಪರಿಶಿಷ್ಟ ಜಾತಿ ಪಂಗಡದವರೇ ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಕೊಡಕೂಡದು ಅಂತ ಇದೆ. ಅಂದರೆ ಕಾಲೇಜನ್ನೂ ಕೇರಿಯನ್ನೂ ಸರ್ಕಾರ ಒಂದೇ ಬೇಲಿಯೊಳಗೆ ಇಟ್ಟಿದೆ. ಕಾಲೇಜಿಗೆ ಕಾಂಪೌಂಡಿದೆ, ಗೇಟಿದೆ, ಗೇಟಿನಿಂದ ಟೇಪು ಹಿಡಿದು ಅಳೆಯಬಹುದು. ಕೇರಿಗೆ ಎಲ್ಲಿಯ ಗೇಟು! ಮದ್ದೂರು, ಮಳವಳ್ಳಿ ಕಡೆಯ ಯಾವ ಹಳ್ಳಿಗಾದರೂ ಸಂಜೆ ಹೊತ್ತು ಹೋಗಿ. ಸೋಪು, ಬೆಂಕಿಪೊಟ್ಟಣ ಮಾರುವ ಗೂಡಂಗಡಿಯ ಹಿಂದೆ ಏನು ಮಾರುತ್ತಾರೆ ಅಂತ ಎಂಟು ವರ್ಷದ ಮಗು ಹೇಳುತ್ತದೆ. ಕೇರಿಯ ಬೇಲಿ ಯಾವತ್ತೋ ಮುರಿದುಹೋಯಿತು. ಉಳಿದದ್ದು ಕಾಲೇಜಿನ ಬೇಲಿ. ಕುಡುಕ ಅಪ್ಪನ ಮನೆಯಿಂದ ಹೊರಟ ಹುಡುಗನಿಗೆ ದಿನಕ್ಕೆ ಆರು ಗಂಟೆ ಬಾಟ್ಲಿಯ ವಾಸನೆ ಇಲ್ಲದೆ ಕೂರಲು ಇರುವ ಜಾಗ ಅದೊಂದೇ.

ಒಂದು ರಾತ್ರಿಯ ಸನ್ನದು ಅಂಗಡಿ ಅಲ್ಲವಲ್ಲ, ಸಿಎಲ್-5 ಅಂತ ಸಾಂದರ್ಭಿಕ ಸನ್ನದು ಬೇರೆಯೇ ಇದೆಯಲ್ಲ ಎಂದು ಬುದ್ಧಿವಂತರು ವಾದ ಹೂಡುತ್ತಾರೆ. ಇದೆ. ಸಂದರ್ಭ ಅನ್ನೋದು ಯಾರಿಗೆ ಎಷ್ಟು ಸಲ ಬರುತ್ತದೆ ಅನ್ನೋದೇ ಪ್ರಶ್ನೆ. ತಮಿಳುನಾಡಿನಲ್ಲಿ 2023ರ ಏಪ್ರಿಲ್‌ನಲ್ಲಿ ಮದುವೆ ಮಂಟಪ, ಸಭಾಂಗಣ, ಆಟದ ಮೈದಾನಗಳಲ್ಲಿ ವಿಶೇಷ ಸನ್ನದು ಪಡೆದು ಮದ್ಯ ಕೊಡಬಹುದು ಅಂತ ನಿಯಮ ತಂದರು. ಗಲಾಟೆ ಆಯಿತು. ಮದುವೆ ಮಂಟಪ ಬಿಟ್ಟರು, ದೊಡ್ಡ ಕ್ರೀಡೆಗಳ ಮೈದಾನ ಉಳಿಸಿಕೊಂಡರು. ಅಮೆರಿಕದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಮೈದಾನದಲ್ಲೇ ಬಿಯರ್ ಮಾರುತ್ತಾರೆ ಅಂತ ಸಭೆಯಲ್ಲಿ ಒಬ್ಬರು ಹೇಳಿದರು. ಮಾರುತ್ತಾರೆ, ನಿಜ. ಅಲ್ಲಿ ಟಿಕೆಟ್ಟು ಕೊಂಡು ಕೂತವರು ಕುಡಿಯುತ್ತಾರೆ, ಅದರ ಲಾಭ ಕಾಲೇಜಿನ ಗಲ್ಲಾಕ್ಕೆ ಹೋಗುತ್ತದೆ. ನಮ್ಮ ಮಳವಳ್ಳಿ ಕಾಲೇಜಿಗೆ ಹಲಗೂರಿನಿಂದ, ಬೆಳಕವಾಡಿಯಿಂದ ಬಸ್ ಪಾಸಿನಲ್ಲಿ ನೇತಾಡಿಕೊಂಡು ಬರುವ ಹುಡುಗರಿಗೂ ಅದಕ್ಕೂ ಏನು ಸಂಬಂಧ?

ಸಂಬಂಧ ಇದೆ, ಹೇಳುತ್ತೇನೆ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರಕೂಡದು. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸಲು ಸರ್ಕಾರ ಕರಡು ಹೊರಡಿಸಿ, ಆಕ್ಷೇಪಣೆ ಬಂದ ಮೇಲೆ ಕೈಬಿಟ್ಟಿತು. ಡಿಗ್ರಿ ಓದುವ ಮಕ್ಕಳು ಬಹುಪಾಲು 18ರಿಂದ 21ರ ಒಳಗಿನವರು. ಹಾಗಾದರೆ ಕಾಲೇಜಿನ ವಿಶೇಷ ಸಮಾರಂಭದಲ್ಲಿ ಕುಡಿಯುವವರು ಯಾರು? ವಿದ್ಯಾರ್ಥಿಗಳಲ್ಲ. ದೇಣಿಗೆ ಕೊಟ್ಟವರು, ಕಾಂಟ್ರಾಕ್ಟರುಗಳು, ಹಳೇ ವಿದ್ಯಾರ್ಥಿಗಳೆಂಬ ಹೊಸ ಸಾಹುಕಾರರು. ವಿದ್ಯಾರ್ಥಿಗಳು ಕುರ್ಚಿ ಹಾಕುತ್ತಾರೆ. ಗ್ಲಾಸು ಎತ್ತುತ್ತಾರೆ. ದಿನಗೂಲಿಗೆ ಕೇಟರಿಂಗಿಗೆ ಹೋಗುವ ಹುಡುಗರು ಯಾವ ಬೀದಿಯವರು ಅಂತ ಮದ್ದೂರಿನ ಯಾವ ಕಲ್ಯಾಣಮಂಟಪದಲ್ಲಾದರೂ ನೋಡಿ. ಹಗಲು ಅದೇ ಕಾಲೇಜಿನಲ್ಲಿ ಬೆಂಚಿನ ಮೇಲೆ ಕೂತವನು ರಾತ್ರಿ ಅಲ್ಲೇ ವಾಂತಿ ತೊಳೆಯಬೇಕು.

ಇದೇ ಕಾಲೇಜುಗಳಲ್ಲಿ ಹಾಸ್ಟೆಲ್ ಹುಡುಗನೊಬ್ಬನ ಕೋಣೆಯಲ್ಲಿ ಒಂದು ಖಾಲಿ ಬಾಟ್ಲಿ ಸಿಕ್ಕರೆ ಏನಾಗುತ್ತದೆ? "ಎಸ್ಸಿ ಹಾಸ್ಟೆಲ್ಲಿನೋರೆಲ್ಲ ಹಿಂಗೇ ಕನ್ರೀ." ಒಬ್ಬ ಕುಡಿದರೆ ಇಡೀ ಜಾತಿ ಕುಡಿಯಿತು. ವಾರ್ಡನ್ನಿಗೆ ನೋಟೀಸು, ಅಪ್ಪ ಅವ್ವನನ್ನು ಕರೆಸಿ ಕೈ ಕಟ್ಟಿ ನಿಲ್ಲಿಸೋದು. ಅದೇ ಅಂಗಳದಲ್ಲಿ ಸೂಟು ಹಾಕಿದವನು ಕುಡಿದರೆ ಅದು ಔತಣಕೂಟ. ಇಬ್ಬರ ಗ್ಲಾಸಿನಲ್ಲೂ ಇರೋದು ಅದೇ ಕಾಕಂಬಿಯ ಸ್ಪಿರಿಟ್ಟು. ಒಬ್ಬನಿಗೆ ಸನ್ನದು, ಇನ್ನೊಬ್ಬನಿಗೆ ಸಸ್ಪೆಂಡು. ಇದು ಸಮಾನತೆಯೇನೋ ತಮ್ಮಾ?

ಇನ್ನು ಹೆಣ್ಣುಮಕ್ಕಳು. ಗಾರ್ಮೆಂಟ್ಸಿಗೆ ಹೋಗಿ ಹೊಲಿಗೆ ಹೊಲಿದು ಮಗಳನ್ನು ಬಿಎ ಓದಿಸುತ್ತಿರುವ ಅವ್ವಂದಿರು ಮದ್ದೂರು ಸುತ್ತ ಎಷ್ಟು ಜನ! ಅವಳು ಗಂಡನ ಜೊತೆ, ಮೈದುನನ ಜೊತೆ, ಊರಿನ ಜೊತೆ ಜಗಳ ಮಾಡಿ ಮಗಳನ್ನು ಸಂಜೆಯ ಕಾರ್ಯಕ್ರಮಕ್ಕೆ ಕಳಿಸುತ್ತಾಳೆ. ನಾಟಕದಲ್ಲಿ ಪಾತ್ರ ಇದೆ, ಭಾಷಣ ಸ್ಪರ್ಧೆ ಇದೆ ಅಂತ. ಅಲ್ಲಿ ಬಾಟ್ಲಿ ಒಡೆಯುತ್ತಾರಂತೆ ಎಂಬ ಒಂದು ಸುದ್ದಿ ಸಾಕು, ಗಂಡಸರ ಕೈಗೆ ಆಯುಧ ಸಿಕ್ಕಂತೆ. ಮೊದಲು ಸಂಜೆಯ ಕಾರ್ಯಕ್ರಮ ನಿಲ್ಲುತ್ತದೆ, ಆಮೇಲೆ ಕಾಲೇಜು ನಿಲ್ಲುತ್ತದೆ, ಆಮೇಲೆ ಮದುವೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಅಂತ ನಡೆದುಕೊಂಡು ಬಂದರಲ್ಲ, ಅವರು ಯಾವ ಶಾಸ್ತ್ರ ಓದಿ ಬಂದವರಲ್ಲ.

ನಿಷೇಧ ಮಾಡಿದ ಕೂಡಲೆ ಕುಡಿತ ನಿಲ್ಲುತ್ತದೆ ಅಂತ ನಾನು ನಂಬುವುದಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿಯುವವನು ನಿಲ್ಲಿಸಲಿಲ್ಲ, ಪ್ಯಾಕೆಟ್ಟು ಬಿಟ್ಟು ಅದಕ್ಕಿಂತ ದುಬಾರಿ ಪೌಚು ಹಿಡಿದ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟ ಸರ್ಕಾರ ನಮ್ಮನ್ನು ಕುಡಿತದಿಂದ ಬಿಡಿಸುತ್ತದೆ ಅಂತ ಕಾಯುವುದೂ ಒಂದು ನಶೆಯೇ. ನಾವು ಇಲ್ಲಿ ಕೇಳುತ್ತಿರುವುದು ಇಷ್ಟೇ. ಕುಡಿಯುವವರಿಗೆ ಮಂಡ್ಯದಲ್ಲಿ ಬಾರುಗಳಿವೆ, ಕ್ಲಬ್ಬಿದೆ, ಹೈವೇ ಪಕ್ಕ ರೆಸಾರ್ಟುಗಳಿವೆ. ಅಲ್ಲಿಗೆ ಹೋಗಲಿ. ಸರ್ಕಾರಿ ಕಾಲೇಜಿನ ಅಂಗಳ ಬಿಡಲಿ.

ಮಾಡಬೇಕಾದ ಕೆಲಸ: ಮಂಡ್ಯ, ಮದ್ದೂರು, ಮಳವಳ್ಳಿಯ ಗೆಳೆಯರು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಜಿಲ್ಲೆಯ ಅಬಕಾರಿ ಕಚೇರಿಗೆ ಒಂದೊಂದು ಅರ್ಜಿ ಹಾಕಿ. ಕಾಲೇಜು ಆವರಣಗಳಿಗೆ ಇದುವರೆಗೆ ಸಾಂದರ್ಭಿಕ ಸನ್ನದು ಕೊಟ್ಟಿದ್ದಾರೆಯೇ, ಯಾರು ಕೇಳಿದರು, ಪ್ರಾಂಶುಪಾಲರ ಒಪ್ಪಿಗೆ ಪತ್ರ ಇದೆಯೇ ಅಂತ ಕೇಳಿ. 5ನೇ ನಿಯಮವನ್ನು ಹೆಸರಿಸಿ ಆಕ್ಷೇಪಣೆ ಬರೆದು ಹಾಸ್ಟೆಲುಗಳಲ್ಲಿ ಸಹಿ ಮಾಡಿಸಿ, ಹುಡುಗಿಯರ ಹಾಸ್ಟೆಲಿನಿಂದ ಶುರು ಮಾಡಿ. ಒಂದು ಪ್ರತಿ ಪ್ರಾಂಶುಪಾಲರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ, ಸೀಲಿಲ್ಲದ ಕಾಗದ ನಮ್ಮದಾದರೆ ಬೇಗ ಕಳೆದುಹೋಗುತ್ತದೆ.

ಸಭೆಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗನಿಗೂ ಸಹಿಯ ಹಾಳೆ ಕಳಿಸಿದ್ದೇನೆ. ಇನ್ನೂ ವಾಪಸ್ ಬಂದಿಲ್ಲ.

ಜೈ ಭೀಮ್.