ನಿಸರ್ಗ ವಿಹಾರ: ಮನೆಯ ಹಿರಿಯರ ನಡಿಗೆಯೇ ಅಳತೆಯಾಗಲಿ

ರಜೆಯ ದಿನ ಮನೆಮಂದಿಯೆಲ್ಲ ಸಮೀಪದ ನಿಸರ್ಗೋದ್ಯಾನಕ್ಕೆ ಹೋಗಿಬರುವುದು ಈಗ ಊರೂರಿನಲ್ಲಿಯೂ ಕಾಣುವ ರೂಢಿ. ಬುತ್ತಿ ಸಿದ್ಧವಾಗುತ್ತದೆ, ವಾಹನ ಗೊತ್ತಾಗುತ್ತದೆ, ಮಕ್ಕಳು ಹಿಂದಿನ ರಾತ್ರಿಯೇ ಬಟ್ಟೆ ಆರಿಸಿಟ್ಟುಕೊಳ್ಳುತ್ತಾರೆ. ಆದರೆ ಹೊರಡುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ನೀವೆಲ್ಲ ಹೋಗಿ ಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ.” ಅಜ್ಜಿಯೋ ತಾತನೋ ಆಡುವ ಈ ಮಾತನ್ನು ನಾವು ನಿರಾಸಕ್ತಿಯೆಂದು ತಿಳಿದು ಹೊರಟುಬಿಡುತ್ತೇವೆ. ಬಹುಮಟ್ಟಿಗೆ ಅದು ನಿರಾಸಕ್ತಿಯಲ್ಲ, ಅಂಜಿಕೆ. ಮಂಡಿ ಹಿಡಿದುಕೊಂಡರೆ ಕೂರಲು ಜಾಗವಿದೆಯೇ, ಮೂತ್ರಕ್ಕೆ ಅವಸರವಾದರೆ ಎಲ್ಲಿಗೆ ಹೋಗುವುದು, ತನ್ನಿಂದ ಮಕ್ಕಳ ಸಂತೋಷಕ್ಕೆ ಅಡ್ಡಿಯಾದರೆ ಹೇಗೆ ಎಂಬ ಅಂಜಿಕೆ.

ಹೊರಗಿನ ಗಾಳಿ, ಬೆಳಕು, ನಡಿಗೆಗಳ ಅಗತ್ಯ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿರುವುದು ಹೀಗೆ ಹಿಂದೆ ಉಳಿಯುವವರಿಗೇ. ಆದುದರಿಂದ ಉದ್ಯಾನದ ಭೇಟಿಯನ್ನು ಯೋಜಿಸುವಾಗ ಮನೆಯಲ್ಲಿ ಅತಿ ನಿಧಾನವಾಗಿ ನಡೆಯುವವರು ಯಾರೋ ಅವರ ನಡಿಗೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂಬುದು ಈ ಲೇಖನದ ಅಭಿಪ್ರಾಯ. ಅವರಿಗೆ ಒಗ್ಗುವ ಯೋಜನೆ ಉಳಿದ ಎಲ್ಲರಿಗೂ ಒಗ್ಗುತ್ತದೆ. ಯುವಕರಿಗೆ ಒಗ್ಗುವ ಯೋಜನೆ ಹಿರಿಯರಿಗೆ ಒಗ್ಗುವುದಿಲ್ಲ.

ಹಸಿರಿನ ಸಾನ್ನಿಧ್ಯದಿಂದ ದೇಹಕ್ಕೆ ಹಿತವಾಗುತ್ತದೆಂಬುದು ಕೇವಲ ಭಾವನೆಯ ಮಾತಲ್ಲ. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಕ್ ಅವರು ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಕಿಟಕಿಯಿಂದ ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಮರಗಳು ಕಾಣುತ್ತಿದ್ದವರು ಬೇಗ ಮನೆಗೆ ಮರಳಿದ್ದರು. ಅವರಿಗೆ ಬೇಕಾದ ಪ್ರಬಲ ನೋವುನಿವಾರಕಗಳೂ ಕಡಿಮೆಯಾಗಿದ್ದವು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ನಿಸರ್ಗದ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳಿದ ಪ್ರಮಾಣ ಹೆಚ್ಚಾಗಿತ್ತು. ಆ ಅವಧಿಯನ್ನು ಒಂದೇ ಸಲ ಕಳೆದರೂ ಹಲವು ಸಲ ಹಂಚಿಕೊಂಡು ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೆಂಬ ಸಾಧ್ಯತೆಯೂ ಇರುವುದರಿಂದ ಇದನ್ನೇ ಔಷಧವೆಂದು ಸಾರುವಂತಿಲ್ಲ. ಆದರೂ ವರ್ಷಕ್ಕೊಮ್ಮೆ ದೂರದ ಗಿರಿಧಾಮಕ್ಕೆ ಓಡುವುದಕ್ಕಿಂತ ಊರಿನ ಉದ್ಯಾನಕ್ಕೆ ಮತ್ತೆ ಮತ್ತೆ ಹೋಗಿಬರುವುದು ಲೇಸೆಂಬ ಮಾತಿಗೆ ಇದರಿಂದ ಬಲ ದೊರೆಯುತ್ತದೆ.

ಮೈಸೂರಿನ ಕಾರಂಜಿ ಕೆರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಮೃಗಾಲಯದ ಪಕ್ಕದಲ್ಲಿಯೇ ಇರುವ ಈ ಕೆರೆಯ ಪರಿಸರವನ್ನು ಮೃಗಾಲಯದ ಆಡಳಿತವೇ ನೋಡಿಕೊಳ್ಳುತ್ತದೆ. ಕೆರೆಯೂ ದಡವೂ ಸೇರಿ ಸುಮಾರು 90 ಹೆಕ್ಟೇರ್ ವಿಸ್ತಾರ. ಒಳಗೆ ನಡೆದಾಡುತ್ತಲೇ ಹಕ್ಕಿಗಳನ್ನು ನೋಡಬಹುದಾದ ಬೃಹತ್ ಪಕ್ಷಿಮನೆ, ಚಿಟ್ಟೆಗಳ ವನ, ದೋಣಿವಿಹಾರಗಳು ಅಲ್ಲಿವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿಗಳನ್ನು ದಡದಿಂದಲೇ ಕಾಣಬಹುದು. ಬೆಟ್ಟ ಹತ್ತುವ ಶ್ರಮವಿಲ್ಲದೆ ಇಷ್ಟನ್ನೂ ನೋಡಬಹುದಾದುದರಿಂದ ಹಿರಿಯರಿಗೆ ಇದು ತಕ್ಕ ತಾಣ.

ಆದರೆ ಅಲ್ಲಿಗೆ ಹೋಗುವ ಹೆಚ್ಚಿನ ಕುಟುಂಬಗಳು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೃಗಾಲಯ ಸುತ್ತಿ, ಬಿಸಿಲೇರಿದ ಮೇಲೆ ದಣಿದ ಕಾಲಿನಲ್ಲಿ ಕೆರೆಗೆ ಬರುತ್ತವೆ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಈ ಹಟವೇ ಹಿರಿಯರನ್ನು ಹೊರಗಿಡುತ್ತದೆ. ಮೃಗಾಲಯವನ್ನು ಇನ್ನೊಂದು ದಿನಕ್ಕಿಟ್ಟು, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನೇರವಾಗಿ ಕೆರೆಗೆ ಹೋಗಿ, ಎರಡು ಗಂಟೆಯಲ್ಲಿ ಮರಳುವ ಯೋಜನೆ ಸಾಕು. ಮಂಗಳವಾರ ರಜೆಯೆಂಬುದು ನೆನಪಿರಲಿ. ಭಾನುವಾರದ ಜಂಗುಳಿಯನ್ನು ತಪ್ಪಿಸಿದರೆ ಇನ್ನೂ ಒಳ್ಳೆಯದು.

ಯಾವ ಊರಿನ ಉದ್ಯಾನವೇ ಆಗಲಿ, ಹೊರಡುವ ಮುನ್ನ ವಿಚಾರಿಸಬೇಕಾದ ಮೊದಲ ಸಂಗತಿ ಶೌಚಾಲಯ. ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ನಮ್ಮ ಹಿರಿಯ ಹೆಂಗಸರಲ್ಲಿ ಅನೇಕರು ಪ್ರಯಾಣದ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಲಿನಲ್ಲಿ ನಡೆದು, ನೀರೂ ಕುಡಿಯದಿದ್ದಾಗ ತಲೆಸುತ್ತು, ರಕ್ತದೊತ್ತಡದ ಕುಸಿತ, ಮೂತ್ರದ ಉರಿ ಕಾಣಿಸಿಕೊಳ್ಳುವುದು ಸಹಜ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಕುಗ್ಗುವುದರಿಂದ ಕೇಳುವವರೆಗೆ ಕಾಯದೆ ಆಗಾಗ ನೀರು ಕೊಡಬೇಕು. ಶೌಚಾಲಯ ಎಲ್ಲಿದೆಯೆಂದು ಮೊದಲೇ ತಿಳಿದು, “ಅವ್ವಾ, ಬಾಗಿಲ ಬಳಿಯೇ ಇದೆ, ನಾನು ಜೊತೆಗೆ ಬರುತ್ತೇನೆ” ಎಂದು ಸೊಸೆಯೋ ಮಗಳೋ ಹೇಳಿದರೆ ಅರ್ಧ ಅಂಜಿಕೆ ಮನೆಯಲ್ಲಿಯೇ ಕಳೆಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಅದನ್ನು ತಾವಾಗಿಯೇ ಬಿಡಬಾರದು. ಆ ದಿನದ ಮಟ್ಟಿಗೆ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು.

ಎರಡನೆಯದು ಆಹಾರ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟದ ಹೊತ್ತು ಮೀರಿಸಿ, ರೂಢಿಗಿಂತ ಹೆಚ್ಚು ನಡೆದರೆ ರಕ್ತದಲ್ಲಿನ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಬೆವರು, ಕೈನಡುಕ, ಎದೆಬಡಿತ, ಮಾತಿನಲ್ಲಿ ತೊಡಕು, ಕಾರಣವಿಲ್ಲದ ಸಿಡುಕು ಇವು ಅದರ ಲಕ್ಷಣಗಳು. ಕೂಡಲೇ ಕೂರಿಸಿ, ಮೂರು ಚಿಕ್ಕ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಆದುದರಿಂದ ಬುತ್ತಿಯ ಚೀಲದಲ್ಲಿ ಚಿತ್ರಾನ್ನ, ಮೊಸರನ್ನಗಳ ಜೊತೆಗೆ ಒಂದು ಸಣ್ಣ ಸಕ್ಕರೆಯ ಪೊಟ್ಟಣವೂ ಇರಲಿ. ಅದು ಎಲ್ಲಿದೆಯೆಂಬುದು ಇಬ್ಬರಿಗಾದರೂ ಗೊತ್ತಿರಲಿ.

ಮೂರನೆಯದು ಪಾದ. ಮಧುಮೇಹಿಗಳ ಪಾದದಲ್ಲಿ ಸ್ಪರ್ಶಜ್ಞಾನ ಕುಂದಿರಬಹುದಾದುದರಿಂದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಒಳ್ಳೆಯದೆಂಬ ಸಲಹೆ ಅವರಿಗೆ ಸಲ್ಲದು. ಚುಚ್ಚಿದ ಮುಳ್ಳು, ಸುಟ್ಟ ಗುಳ್ಳೆ ಎರಡೂ ಅವರ ಗಮನಕ್ಕೆ ಬಾರದೆ ಹುಣ್ಣಾಗಬಹುದು. ಹೊಸ ಚಪ್ಪಲಿಯನ್ನು ಅಂದೇ ಮೊದಲು ಮೆಟ್ಟುವುದೂ ತರವಲ್ಲ. ಹಿಮ್ಮಡಿಯನ್ನು ಹಿಡಿದಿಡುವ, ಜಾರದ, ಈಗಾಗಲೇ ಪಳಗಿದ ಪಾದರಕ್ಷೆ ಬೇಕು. ಮನೆಗೆ ಬಂದ ಮೇಲೆ ಪಾದ ತೊಳೆದು ಬೆರಳ ಸಂದುಗಳನ್ನು ನೋಡಬೇಕು. ಊರುಗೋಲನ್ನು ಹಿಡಿದು ಬರಲು ಹಿರಿಯರು ನಾಚಿದರೆ, ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದಕ್ಕಿಂತ ಅದು ಲೇಸೆಂದು ಪ್ರೀತಿಯಿಂದ ತಿಳಿಹೇಳಬೇಕು.

“ಇಷ್ಟೆಲ್ಲ ಜೋಪಾನ ಮಾಡುತ್ತಾ ಕುಳಿತರೆ ಮಕ್ಕಳು ನೋಡುವುದೇನು?” ಎಂಬ ಆಕ್ಷೇಪ ಬರಬಹುದು. ನಿಜವಾಗಿ ನೋಡಿದರೆ ಮಕ್ಕಳ ನಡಿಗೆಯೂ ಹಿರಿಯರ ನಡಿಗೆಯಂತೆಯೇ ಇದೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಇರುವೆಯ ಸಾಲನ್ನು ನೋಡುತ್ತ ಮೈಮರೆಯುವುದು ಮಗುವಿನ ಸ್ವಭಾವ. ಅವಸರವಿರುವುದು ನಡುವಯಸ್ಸಿನ ನಮಗೆ ಮಾತ್ರ. ಹಕ್ಕಿಗಳೂ ಅವಸರದವರಿಗೆ ಕಾಣಸಿಗುವುದಿಲ್ಲ. ಕಲ್ಲುಬೆಂಚಿನ ಮೇಲೆ ಕಾಲು ಗಂಟೆ ಸುಮ್ಮನೆ ಕುಳಿತವರ ಎದುರಿಗೆ ಹಾವಕ್ಕಿ ನೀರಿನಿಂದೆದ್ದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಮರದ ಹೆಸರು, ತೊಗಟೆಯ ಗುಣ, ಸೊಪ್ಪಿನ ಬಳಕೆಗಳನ್ನು ಮೊಮ್ಮಕ್ಕಳಿಗೆ ಹೇಳಬಲ್ಲವರು ಮನೆಯಲ್ಲಿ ಉಳಿದರೆ, ಉದ್ಯಾನಕ್ಕೆ ಹೋದ ಮಗುವಿಗೆ ಫಲಕದ ಮೇಲಿನ ಅಕ್ಷರಗಳಷ್ಟೇ ದೊರೆಯುತ್ತವೆ. ಹಗಲು ಬೆಳಕಿನಲ್ಲಿ ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಹುಟ್ಟುವ ಸಂಭವ ಕಡಿಮೆಯೆಂದು ಅಧ್ಯಯನಗಳು ಕಂಡುಕೊಂಡಿವೆ. ಮೊಬೈಲಿಗೆ ಅಂಟಿದ ಕಣ್ಣುಗಳಿಗೆ ದಡದ ಆಚೆಯ ಮರವನ್ನು ತೋರಿಸುವುದೂ ಹಿರಿಯರು ಮಾಡಬಹುದಾದ ಉಪಕಾರವೇ.

ಎಲ್ಲರನ್ನೂ ಎಲ್ಲ ಕಾಲದಲ್ಲಿಯೂ ಕರೆದೊಯ್ಯಬೇಕೆಂದು ಇದರ ಅರ್ಥವಲ್ಲ. ಇತ್ತೀಚೆಗೆ ಹೃದಯಾಘಾತವಾದವರು, ಶಸ್ತ್ರಚಿಕಿತ್ಸೆಗೆ ಒಳಗಾದವರು, ಕುಳಿತಲ್ಲಿಯೇ ಏದುಸಿರು ಬರುವವರು ವೈದ್ಯರ ಒಪ್ಪಿಗೆ ಪಡೆಯಬೇಕು. ನಡೆಯುವಾಗ ಎದೆಯಲ್ಲಿ ಬಿಗಿತವೋ ಹೊಸದಾದ ಉಬ್ಬಸವೋ ಕಾಣಿಸಿದರೆ ಅಲ್ಲಿಗೇ ನಿಲ್ಲಬೇಕು. ಜೇನುಗೂಡಿರುವ ಮರದ ಕೆಳಗೆ ಹೊಗೆ ಹಾಕುವುದು, ಕಲ್ಲೆಸೆಯುವುದು ಯಾರಿಗೂ ಒಳಿತಲ್ಲ; ಓಡಲಾರದ ಹಿರಿಯರಿಗಂತೂ ಅದು ಪ್ರಾಣಾಂತಿಕ.

ಉದ್ಯಾನಗಳನ್ನು ನಡೆಸುವವರೂ ಯೋಚಿಸಬೇಕಾದುದಿದೆ. ಹೊಸ ಕಾರಂಜಿ, ಬಣ್ಣದ ದೀಪಗಳಿಗಿಂತ ಮೊದಲು ನೂರು ನೂರು ಹೆಜ್ಜೆಗೊಂದು ಒರಗುವ ಬೆಂಚು, ಶುಚಿಯಾದ ಶೌಚಾಲಯ, ಗಾಲಿಕುರ್ಚಿ ಸಾಗುವ ಇಳಿಜಾರು ದಾರಿ ಬೇಕು. ಅವು ಇಲ್ಲದ ಕಡೆ ನಾಗರಿಕರು ಲಿಖಿತವಾಗಿ ಕೇಳಬೇಕು. ಆದರೆ ಅವೆಲ್ಲ ಆಗುವವರೆಗೆ ಕಾಯುತ್ತ ಕೂರುವಷ್ಟು ಕಾಲ ನಮ್ಮ ಹಿರಿಯರ ಬಳಿ ಇಲ್ಲ.

ಮುಂದಿನ ರಜೆಗೆ ಉದ್ಯಾನದ ಮಾತು ಬಂದಾಗ, ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ದೂರ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಮನೆಯ ಹಿರಿಯರ ಮುಂದಿಡೋಣ. ಅವರು ಒಂದು ಫರ್ಲಾಂಗು ಎಂದರೆ ಒಂದೇ ಫರ್ಲಾಂಗು ನಡೆಯೋಣ. ತಿಂಗಳಿಗೊಮ್ಮೆ ಹೀಗೆ ನಡೆದರೆ ಆ ಫರ್ಲಾಂಗು ತಾನಾಗಿಯೇ ಎರಡಾಗಲೂಬಹುದು.